ಇಪ್ಪತ್ತೈದನೆಯ ಹುಡುಗ

ನನ್ನಜ್ಜಿಯ ಕಥೆಗಳಲ್ಲಿ ರಾಜಕುಮಾರರು ಹೆಣ್ಣು ಹುಡುಕಿಕೊಂಡು ಏಳು ಬೆಟ್ಟ ದಾಟಿ ಹೋಗುತ್ತಿದ್ದರು. ನಮ್ಮ ಅಲಬಾಮಾದಲ್ಲಿ ಜನವರಿ ಬಂತೆಂದರೆ ಫುಟ್‌ಬಾಲ್ ಕೋಚುಗಳು ಹುಡುಗರನ್ನು ಹುಡುಕಿಕೊಂಡು ಹೊರಡುತ್ತಾರೆ. ಬೆಟ್ಟಗಳ ಬದಲು ಪೈನ್ ಮರಗಳ ನಡುವೆ ಹಾದು ಹೋಗುವ ಉದ್ದುದ್ದ ರಸ್ತೆಗಳು, ಪೆಟ್ರೋಲ್ ಬಂಕಿನ ತಣ್ಣಗಾದ ಕಾಫಿ, ಮನೆಮನೆಯಲ್ಲೂ ಒಬ್ಬ ತಾಯಿಯೋ ಅಜ್ಜಿಯೋ ಬಡಿಸುವ ಊಟ. ಹೊಟ್ಟೆ ತುಂಬಿದೆ ಎನ್ನುವ ಹಾಗಿಲ್ಲ. ಹಾಗೆಂದವನಿಗೆ ಹುಡುಗ ದಕ್ಕುವುದಿಲ್ಲ.

ನಾನು ಆಗ ಚಟೂಲಾ ಸ್ಟೇಟ್ ಕಾಲೇಜಿನ ಫುಟ್‌ಬಾಲ್ ಆಫೀಸಿನಲ್ಲಿ ಕೂತು ಹೈಸ್ಕೂಲು ಹುಡುಗರ ಆಟದ ವಿಡಿಯೊ ನೋಡುತ್ತಿದ್ದೆ. ಅದೇ ಕೆಲಸ, ಅದಕ್ಕೇ ಸಂಬಳ. ನಮ್ಮಲ್ಲಿ ಫುಟ್‌ಬಾಲ್ ಎಂದರೆ ಚೆಂಡನ್ನು ಒದೆಯುವುದಕ್ಕಿಂತ ಕೈಯಲ್ಲಿ ಹಿಡಿದು ನುಗ್ಗುವುದೇ ಹೆಚ್ಚು. ವರ್ಷಕ್ಕೆ ಇಪ್ಪತ್ತೈದು ಹುಡುಗರಿಗೆ ಸ್ಕಾಲರ್‌ಶಿಪ್. ಆ ಇಪ್ಪತ್ತೈದರ ಗುಂಪಿಗೆ ‘ಕ್ಲಾಸ್’ ಎಂದು ಹೆಸರು. ಫೆಬ್ರವರಿಯ ಮೊದಲ ಬುಧವಾರ ಹುಡುಗರು ಕಾಲೇಜಿಗೆ ಸೇರುವ ಪತ್ರಕ್ಕೆ ಸಹಿ ಹಾಕುತ್ತಾರೆ. ಅಂದೇ ಸಂಜೆಯೊಳಗೆ ವೆಬ್‌ಸೈಟಿನವರು ಒಬ್ಬೊಬ್ಬ ಹುಡುಗನಿಗೂ ತಾವು ಕೊಟ್ಟ ಸ್ಟಾರುಗಳನ್ನು ಕೂಡಿಸಿ, ಯಾವ ಕಾಲೇಜಿನ ಕ್ಲಾಸಿಗೆ ಯಾವ ಗ್ರೇಡು ಎಂದು ಸಾರುತ್ತಾರೆ. ಇನ್ನೂ ಕಾಲೇಜಿನ ಹುಲ್ಲು ಮೆಟ್ಟದ ಹುಡುಗರ ಹೆಸರಿನಲ್ಲಿ ಊರಿಗೆ ಊರೇ ಹಬ್ಬ ಮಾಡುತ್ತದೆ, ಇಲ್ಲವೇ ಸೂತಕದ ಮನೆಯಂತೆ ಮುಖ ಮಾಡಿಕೊಂಡು ಕೂರುತ್ತದೆ. ಗ್ರೇಡು ಕೆಟ್ಟರೆ ಹೆಡ್ ಕೋಚಿನ ಕುರ್ಚಿ ಅಲುಗಾಡುತ್ತದೆ.

ಒಡೆಲ್ ಮಿಕ್ಸನ್‌ಗೆ ಇದ್ದದ್ದು ಐದರಲ್ಲಿ ಎರಡೇ ಸ್ಟಾರು. ಅವನು ಲೈನಿನ ಹುಡುಗ, ಅಂದರೆ ಚೆಂಡನ್ನು ಮುಟ್ಟದೆಯೇ ಇಡೀ ಆಟ ಆಡುವವನು. ಚೆಂಡು ಹಿಡಿದವನ ಮುಂದೆ ನಿಂತು, ನುಗ್ಗಿ ಬರುವವರನ್ನು ಭುಜ ಕೊಟ್ಟು ತಡೆಯುವುದು ಅವನ ಪಾಲಿನ ಕೆಲಸ. ಪೆಂಡರ್ ಎಂಬ ಅವನ ಪುಟ್ಟ ಊರಿನಲ್ಲಿ ಶಾಲೆಯ ಪಂದ್ಯಗಳನ್ನು ವಿಡಿಯೊ ಮಾಡುತ್ತಿದ್ದದ್ದು ಬ್ಯಾಂಡ್ ಮೇಷ್ಟರ ಹೆಂಡತಿ. ಆಕೆ ಕ್ಯಾಮೆರಾವನ್ನು ಚೆಂಡಿನ ಹಿಂದೆಯೇ ಓಡಿಸುತ್ತಿದ್ದರು. ಚೆಂಡು ಕೊನೆಯ ಗೆರೆಯ ಹತ್ತಿರ ಬಂತೆಂದರೆ ಕ್ಯಾಮೆರಾ ಬಿಟ್ಟು ಚಪ್ಪಾಳೆಗೆ ನಿಲ್ಲುತ್ತಿದ್ದರು. ಒಡೆಲ್ ತಡೆದು ನಿಲ್ಲಿಸಿದ್ದೆಲ್ಲ ಚೌಕಟ್ಟಿನ ಆಚೆಗೇ ನಡೆದುಹೋಗುತ್ತಿತ್ತು. ವೆಬ್‌ಸೈಟಿನವರಿಗೆ ಕಂಡದ್ದು ಅವನ ಬೆನ್ನಿನ ಮೇಲಿನ ಅರ್ಧ ನಂಬರು.

ಅವನನ್ನು ಕಣ್ಣಾರೆ ನೋಡಲು ಹೋದವಳು ನಾನು. ಒಡೆಲ್ ಕೆರೆಯಂಚಿನ ಕೊಕ್ಕರೆಯ ಹಾಗೆ ನಿಶ್ಚಲನಾಗಿ ನಿಂತಿರುತ್ತಿದ್ದ. ಎದುರಿನವನು ನುಗ್ಗಿದ ಮೇಲೆ ಒಂದು ಹೆಜ್ಜೆ ಇಡುತ್ತಿದ್ದ. ಆ ಒಂದು ಹೆಜ್ಜೆ ಸಾಕಾಗುತ್ತಿತ್ತು. ನಾನು ಬಂದು ಹೇಳಿದೆ, ಲೈನಿನ ಹುಡುಗರನ್ನು ನೋಡಿಕೊಳ್ಳುವ ಕೋಚ್ ರಾಯ್ಸ್ ಡೆನ್ನಾರ್ಡ್ ನಂಬಿದರು. ಜುಲೈಯಲ್ಲಿ ಅವನು ಬರುತ್ತೇನೆಂದು ಮಾತು ಕೊಟ್ಟ, ನಾವು ಸ್ಕಾಲರ್‌ಶಿಪ್ ಕೊಡುತ್ತೇವೆಂದು ಮಾತು ಕೊಟ್ಟೆವು. ಆಮೇಲೆ ಬೆತೆಲ್ ರಿಜ್ ಎಂಬ ಸಣ್ಣ ಕಾಲೇಜಿನವರು ಮನೆಗೆ ಬಂದು ಕರೆದರೂ, ಮಾತು ಕೊಟ್ಟಾಗಿದೆ ಎಂದು ಊಟ ಹಾಕಿಸಿ ಕಳಿಸಿದ.

ಸಹಿಯ ಬುಧವಾರಕ್ಕೆ ಇನ್ನು ನಾಲ್ಕು ದಿನ ಇರುವಾಗ ಟೆಕ್ಸಸ್‌ನ ನಾಲ್ಕು ಸ್ಟಾರಿನ ಹುಡುಗನೊಬ್ಬ ಮನಸ್ಸು ಬದಲಿಸಿ, ನಿಮ್ಮಲ್ಲಿಗೇ ಬರುತ್ತೇನೆ ಎಂದ. ನಮ್ಮ ಇಪ್ಪತ್ತೈದು ಜಾಗವೂ ತುಂಬಿತ್ತು. ಹೆಡ್ ಕೋಚ್ ಹುಡುಗರ ಹೆಸರು ಬರೆದಿದ್ದ ಗೋಡೆಯ ಹಲಗೆಯ ಮುಂದೆ ನಿಂತು ಕೆಳಗಿನಿಂದ ಮೇಲಕ್ಕೆ ನೋಡಿದರು. ಎಲ್ಲರಿಗಿಂತ ಕೆಳಗೆ ಒಡೆಲ್ ಇದ್ದ.

“ಅವನಿಗೆ ಮುಂದಿನ ಜನವರಿಗೆ ಬಾ ಅಂತ ಹೇಳಿ, ರಾಯ್ಸ್,” ಎಂದರು. “ಫೋನಲ್ಲಿ ಬೇಡ. ಮನೆಗೆ ಹೋಗಿ ಹೇಳಿ, ಮರ್ಯಾದೆಯಾಗಿರುತ್ತೆ.”

ಶನಿವಾರ ಮಧ್ಯಾಹ್ನ ನಾವಿಬ್ಬರೂ ಪೆಂಡರ್‌ಗೆ ಹೊರಟೆವು. ಕೋಚ್ ಡೆನ್ನಾರ್ಡ್ ಕಾರು ಓಡಿಸುತ್ತ ಮಾತು ಅಭ್ಯಾಸ ಮಾಡುತ್ತಿದ್ದರು.

“‘ಒಡೆಲ್, ನಿನ್ನ ಭವಿಷ್ಯದ ಬಗ್ಗೆ ನಾವು ಇನ್ನೂ ದೊಡ್ಡದಾಗಿ ಯೋಚ್ನೆ ಮಾಡಿದೀವಿ.’ ಹೇಗಿದೆ, ಲೀಯಾ?”

“ವಿಮೆ ಏಜೆಂಟ್ ಮಾತಾಡಿದ ಹಾಗಿದೆ, ಕೋಚ್.”

“‘ಒಡೆಲ್, ನೀನು ನನ್ನ ಮಗನಿದ್ದ ಹಾಗೆ.’”

“ಅದು ಇನ್ನೂ ಕೆಟ್ಟದು.”

ಕಿಟಕಿಯಾಚೆ ಪೈನ್ ಮರಗಳು ಸಾಲುಸಾಲಾಗಿ ಹಿಂದೆ ಸರಿಯುತ್ತಿದ್ದವು. ಕಥೆಗಳಲ್ಲಿ ರಾಜಕುಮಾರರು ಹೆಣ್ಣು ಕೇಳಲು ಹೋದದ್ದನ್ನು ಅಜ್ಜಿ ಹೇಳಿದ್ದಳು. ನಿಶ್ಚಯವಾದ ಹೆಣ್ಣಿಗೆ ಈಗ ಬೇಡ ಎನ್ನಲು ಹೋದವನ ಕಥೆ ನಾನು ಕೇಳಿರಲಿಲ್ಲ. ಅಂಥವನನ್ನು ಏನೆಂದು ಕರೆಯುತ್ತಿದ್ದಳೋ.

ಒಡೆಲ್‌ನ ಅಜ್ಜಿ, ಊರವರೆಲ್ಲ ಗೌರವದಿಂದ ಮಿಸ್ ವರ್ಡೀ ಎನ್ನುವವರು, ಬಾಗಿಲಲ್ಲೇ ನಿಂತಿದ್ದರು. ಸಣ್ಣ ಮೈಕಟ್ಟು, ಚರ್ಚಿಗೆ ಹೋಗುವ ಬಟ್ಟೆ. ಅವರ ಹಿಂದೆ ಬಾಗಿಲಿನಷ್ಟೇ ಅಗಲಕ್ಕೆ ಒಡೆಲ್. ಮೇಜಿನ ಮೇಲೆ ಕರಿದ ಮೀನು, ಟರ್ನಿಪ್ ಸೊಪ್ಪು, ಜೋಳದ ಬ್ರೆಡ್ಡು. ಕೂತೆವು, ಪ್ರಾರ್ಥನೆಯಾಯಿತು. ಕೋಚ್ ಡೆನ್ನಾರ್ಡ್ ಮೀನಿನ ಮೇಲೆ ಮೀನು ಹಾಕಿಸಿಕೊಂಡು ತಲೆ ಎತ್ತದೆ ತಿನ್ನತೊಡಗಿದರು.

ಮಿಸ್ ವರ್ಡೀ ಸ್ವಲ್ಪ ಹೊತ್ತು ನೋಡಿದರು.

“ಕೋಚ್, ನನ್ನ ಅಡುಗೆ ಚೆನ್ನಾಗಿರುತ್ತೆ, ಒಪ್ಕೋತೀನಿ. ಆದ್ರೆ ಇಷ್ಟು ಚೆನ್ನಾಗಿರಲ್ಲ. ಬಾಯಲ್ಲಿ ಇಟ್ಕೊಂಡಿರೋ ಮಾತು ಮೊದ್ಲು ಆಚೆ ಹಾಕಿ, ಮೀನಿಗೂ ಜಾಗ ಆಗುತ್ತೆ.”

ಕೋಚ್ ಫೋರ್ಕ್ ಕೆಳಗಿಟ್ಟರು. ಕಾರಿನಲ್ಲಿ ಅಭ್ಯಾಸ ಮಾಡಿದ್ದು ಯಾವುದೂ ಬಾಯಿಗೆ ಬರಲಿಲ್ಲ. “ಒಡೆಲ್, ಬುಧವಾರ ನಿನಗೆ ಜಾಗ ಇಲ್ಲ,” ಎಂದುಬಿಟ್ಟರು. “ಟೆಕ್ಸಸ್‌ನಿಂದ ಒಬ್ಬ ಬರ್ತಿದಾನೆ. ನಾಲ್ಕು ಸ್ಟಾರು. ನೀನು ಮುಂದಿನ ಜನವರಿಗೆ ಬಾ. ಸ್ಕಾಲರ್‌ಶಿಪ್ ಗ್ಯಾರಂಟಿ.”

“ಗ್ಯಾರಂಟಿ,” ಎಂದರು ಮಿಸ್ ವರ್ಡೀ. “ಜುಲೈಲಿ ಕೊಟ್ಟಿದ್ರಲ್ಲ, ಅದೇ ಅಂಗಡಿ ಮಾಲಾ ಇದು?”

“ಅಜ್ಜಿ,” ಎಂದ ಒಡೆಲ್, ಮೆತ್ತಗೆ.

“ಅಜ್ಜಿ ಇಲ್ಲೇ ಇದಾಳೆ. ನೀನು ಮಾತಾಡು.”

ಒಡೆಲ್ ಕೋಚ್ ಕಡೆ ನೋಡಲಿಲ್ಲ, ನನ್ನ ಕಡೆ ತಿರುಗಿದ. “ಮಿಸ್ ಲೀಯಾ, ಆ ಟೆಕ್ಸಸ್ ಹುಡುಗನ್ನ ನೀವು ನೋಡಿದೀರಾ?”

“ವಿಡಿಯೊ ಎಲ್ಲಾ ನೋಡಿದೀನಿ.”

“ನನಗಿಂತ ಚೆನ್ನಾಗಿ ಆಡ್ತಾನಾ?”

ಅಜ್ಜಿಯ ಕಥೆಗಳಲ್ಲಿ ಇಂಥ ಪ್ರಶ್ನೆ ಬಂದಾಗ ಒಂದು ಹಕ್ಕಿ ಕಿಟಕಿಗೆ ಬಂದು ಉತ್ತರ ಹೇಳಿಕೊಟ್ಟು ಹೋಗುತ್ತಿತ್ತು. ಮಿಸ್ ವರ್ಡೀಯ ಕಿಟಕಿಯಲ್ಲಿ ನಿಂತುಹೋದ ಫ್ಯಾನು ಒಂದೇ ಇತ್ತು.

“ಆಡ್ತಾನೆ,” ಎಂದೆ. “ಎದುರಿನ ಲೈನಲ್ಲಿ ನಿಂತು ನುಗ್ಗೋ ಹುಡುಗ ಅವನು. ಅಂಥ ವೇಗ ನಾನು ಈ ವರ್ಷ ಎಲ್ಲೂ ನೋಡಿಲ್ಲ.”

“ಅವನೂ ನಾನೂ ಎದುರುಬದುರು ನಿಂತ್ರೆ?”

“ಹತ್ತರಲ್ಲಿ ಆರು ಸಲ ನಿನ್ನ ದಾಟಿ ಹೋಗ್ತಾನೆ.”

“ನಾಲ್ಕು ಸಲ ಹೋಗಲ್ಲ.”

“ನಾಲ್ಕು ಸಲ ಹೋಗಲ್ಲ.”

ಒಡೆಲ್ ಅದನ್ನು ಮನಸ್ಸಿನಲ್ಲೇ ತೂಗಿ ನೋಡಿದ. ಆಮೇಲೆ ಬ್ರೆಡ್ಡಿನ ತಟ್ಟೆಗೆ ಕೈ ಚಾಚಿದ. “ನಾಲ್ಕು ಪರವಾಗಿಲ್ಲ,” ಎಂದ. “ಆದ್ರೆ ಜನವರಿವರೆಗೂ ಕಾಯಕ್ಕಾಗಲ್ಲ ಕೋಚ್. ಇಲ್ಲಿ ಉಳಿದ್ರೆ ಕೋಳಿ ಕೊಯ್ಯೋ ಫ್ಯಾಕ್ಟರಿಗೆ ಹೋಗ್ಬೇಕು. ನಮ್ಮಣ್ಣನೂ ಒಂದು ವರ್ಷಕ್ಕೆ ಅಂತಾನೇ ಸೇರ್ದ. ಈಗ ಅಲ್ಲಿ ಸೂಪರ್‌ವೈಸರು. ಮನೆಗೆ ಬಂದ್ರೆ ಮಾತೇ ಆಡಲ್ಲ, ಕೈ ನೋಡ್ಕೊಂಡು ಕೂತಿರ್ತಾನೆ.”

ಮಿಸ್ ವರ್ಡೀ ಎದ್ದು ತಟ್ಟೆಗಳನ್ನು ಒಂದರ ಮೇಲೊಂದು ಇಟ್ಟರು.

“ಬೆತೆಲ್ ರಿಜ್‌ನೋರಿಗೆ ಫೋನ್ ಮಾಡಿ, ಕೋಚ್.”

“ಮಿಸ್ ವರ್ಡೀ, ಅಲ್ಲಿನ ಕೋಚ್ ಬರ್ಲ್ ಸ್ಟ್ಯಾನ್ಸಿಲ್. ನಾವಿಬ್ರೂ ಒಂದೇ ಲೈನಲ್ಲಿ ಪಕ್ಕಪಕ್ಕ ನಿಂತು ಆಡಿದೋರು. ಒಂದು ವರ್ಷ ಅವನಿಗೆ ಮಾತು ಕೊಟ್ಟಿದ್ದ ಹುಡುಗನ್ನ ನಾನು ಕೊನೇ ಗಳಿಗೇಲಿ ಎತ್ಕೊಂಡ್ಬಂದೆ. ಮಾತು ಬಿಟ್ಟು ಒಂಬತ್ತು ವರ್ಷ ಆಯ್ತು.”

“ಹಾಗಾದ್ರೆ ಮಾತಾಡೋದು ಬೇಕಾದಷ್ಟಿರುತ್ತೆ. ಸ್ಪೀಕರ್ ಹಾಕಿ. ಪೆಕಾನ್ ಪೈ ಒಲೆ ಮೇಲಿದೆ. ನೀವು ಫೋನ್ ಇಟ್ಟ ಮೇಲೆ ತರ್ತೀನಿ.”

ಕೋಚ್ ಡೆನ್ನಾರ್ಡ್ ಅತ್ತಿತ್ತ ನೋಡಿದರು. ನಾನು ನೀರಿನ ಲೋಟ ಅವರ ಕಡೆ ಸರಿಸಿದೆ. ನಂಬರು ಒತ್ತಿದರು.

“ಯಾರು?” ಎಂದಿತು ಫೋನು. ಹಿಂದೆ ಎಲ್ಲೋ ಟಿವಿ ಕೂಗುತ್ತಿತ್ತು.

“ನಾನು, ರಾಯ್ಸ್.”

ಟಿವಿ ನಿಂತಿತು. “ಯಾರು ಸತ್ರು?”

“ಯಾರೂ ಸತ್ತಿಲ್ಲ, ಬರ್ಲ್.”

“ಮತ್ತೆ ಯಾಕೆ ಮಾಡ್ದೆ?”

“ನಿನ್ನ ಹತ್ರ ಒಂದು ಜಾಗ ಏನಾದ್ರೂ ಉಳಿದಿದೆಯಾ?”

“ಯಾಕೆ, ನೀನೇ ಬಂದು ಆಡ್ತೀಯಾ? ಮಂಡಿ ನೋವು ಹೋಯ್ತಾ?”

“ಒಡೆಲ್ ಮಿಕ್ಸನ್‌ಗೆ.”

“ಓಹೋ!” ಎಂದು ಎಳೆದರು ಸ್ಟ್ಯಾನ್ಸಿಲ್. “ಆ ಮನೆಗೆ ಹೋಗಿದ್ದೆ ನಾನು. ಮಾತು ಕೊಟ್ಟಿದೀನಿ ಸರ್ ಅಂದ. ಯಾರಿಗಪ್ಪ ಅಂದ್ರೆ ನಿನ್ನ ಹೆಸರು ಹೇಳ್ದ. ಅಯ್ಯೋ ಪಾಪ ಅನ್ನೋದು ನಾಲಿಗೆ ತುದಿಗೆ ಬಂದಿತ್ತು, ಅಜ್ಜಿ ಎದುರಿಗೆ ಬೇಡ ಅಂತ ನುಂಗ್ಕೊಂಡೆ.”

“ಅನ್ನಬೇಕಿತ್ತು,” ಎಂದರು ಮಿಸ್ ವರ್ಡೀ.

“ಯಾರದು?”

“ಅಜ್ಜಿ.”

ಫೋನಿನಲ್ಲಿ ಕುರ್ಚಿ ಕಿರುಗುಟ್ಟಿತು. ಮನುಷ್ಯ ನೆಟ್ಟಗೆ ಕೂತಿರಬೇಕು. “ಚೆನ್ನಾಗಿದೀರಾ ಮಿಸ್ ವರ್ಡೀ? ರಾಯ್ಸ್, ಮೊದ್ಲೇ ಹೇಳಕ್ಕೇನಾಗಿತ್ತು ನಿನಗೆ? ಸರಿ. ಹುಡುಗ ಹೇಗೆ?”

“ಆರಡಿ ನಾಲ್ಕಂಗುಲ. ತೂಕ ಇನ್ನೂರ ಎಂಬತ್ತು ಪೌಂಡು. ತೋಳು…”

“ಅದು ಸಂತೇಲಿ ಎತ್ತು ಮಾರೋ ಮಾತು. ನೀನು ಕಣ್ಣಲ್ಲಿ ಕಂಡದ್ದು ಹೇಳು.”

ಕೋಚ್ ಡೆನ್ನಾರ್ಡ್ ಫೋನನ್ನೇ ದಿಟ್ಟಿಸುತ್ತ ಕೂತರು. ಮಾತು ಶುರುವಾದಾಗ ಅದು ಆಫೀಸಿನಲ್ಲಿ ನಾನು ಕೇಳುತ್ತಿದ್ದ ದನಿಯಾಗಿರಲಿಲ್ಲ.

“ಒಂದೇ ಥರ ಎರಡು ಸಲ ಮೋಸ ಹೋಗಲ್ಲ ಇವನು. ಯಾವನಾದ್ರೂ ಒಂದು ದಾರೀಲಿ ದಾಟಿ ಹೋದ ಅಂದ್ರೆ, ಆ ದಾರಿ ಅಲ್ಲಿಗೆ ಮುಚ್ಚಿತು. ಬೀಳೋವಾಗ್ಲೂ ಎದುರಿನವನ ಕಾಲಿಗೆ ಅಡ್ಡ ಬೀಳ್ತಾನೆ. ಕೂಗಾಡಲ್ಲ. ಇವನು ಮುಂದೆ ನಿಂತಿದ್ರೆ ಚೆಂಡು ಹಿಡಿದೋನು ಹೆದರಿ ಪಕ್ಕಕ್ಕೆ ನೋಡೋದು ಬೇಕಾಗಿಲ್ಲ. ನನ್ನ ಆಯಸ್ಸಲ್ಲಿ ಇಂಥೋರನ್ನ ನಾಲ್ಕೈದು ಜನ ನೋಡಿದೀನಿ ಬರ್ಲ್. ಅದರಲ್ಲಿ ಒಬ್ಬ ನೀನು.”

ಆ ಕಡೆ ಕುರ್ಚಿ ಮತ್ತೆ ಕಿರುಗುಟ್ಟಿತು.

“ಇಷ್ಟೆಲ್ಲ ಗೊತ್ತಿದ್ದೂ ಯಾಕೋ ಬಿಡ್ತಿದೀಯಾ, ಕತ್ತೆ?”

“ಸ್ಟಾರ್ ಲೆಕ್ಕ.”

“ನಮಗೆ ಆ ತಾಪತ್ರಯ ಇಲ್ಲ. ನಮ್ಮ ಕ್ಲಾಸಿಗೆ ಯಾರೂ ಗ್ರೇಡೇ ಕೊಡಲ್ಲ.” ಸ್ಟ್ಯಾನ್ಸಿಲ್ ಕೆಮ್ಮಿದರು. “ಒಂದು ಜಾಗ ಇದೆ. ಚೆಂಡು ಒದೆಯೋ ಹುಡುಗನಿಗೆ ಅಂತ ಇಟ್ಟಿದ್ದೆ. ಅವನೂ ಮಾತು ಕೊಟ್ಟಿಲ್ಲ, ನಾನೂ ಕೊಟ್ಟಿಲ್ಲ. ಒಡೆಲ್, ಕೇಳಿಸ್ತಿದೆಯಾ? ನಮ್ಮಲ್ಲಿ ಆಟ ನೋಡಕ್ಕೆ ಎಂಬತ್ತು ಸಾವಿರ ಜನ ಬರಲ್ಲ. ನಾಲ್ಕು ಸಾವಿರ ಬಂದ್ರೆ ಪಾದ್ರಿ ವಿಶೇಷ ಪ್ರಾರ್ಥನೆ ಮಾಡ್ತಾರೆ. ಬುಧವಾರ ಸಹಿ ಹಾಕ್ತೀಯಾ?”

ಒಡೆಲ್ ಅಜ್ಜಿಯ ಕಡೆ ನೋಡಿದ. ಅಜ್ಜಿ ಸೀಲಿಂಗ್ ನೋಡುತ್ತಿದ್ದರು.

“ಹಾಕ್ತೀನಿ ಸರ್.”

ಫೋನು ಇಟ್ಟದ್ದೇ ಪೈ ಬಂತು, ಪೆಕಾನ್ ಬೀಜ ಹಾಕಿ ಬೇಯಿಸಿದ ಸಿಹಿ. ಇನ್ನೂ ಬೆಚ್ಚಗಿತ್ತು. ನಾವು ಮೂವರು ತಿಂದೆವು. ಕೋಚ್ ಡೆನ್ನಾರ್ಡ್ ಮಾತ್ರ ತಮ್ಮ ತುಂಡಿನ ಅಂಚನ್ನು ಫೋರ್ಕಿನಿಂದ ಮುರಿಯುತ್ತ ಕೂತಿದ್ದರು. ಫೋನಿನಲ್ಲಿ ತಾವೇ ಆಡಿದ ಮಾತು ಅವರ ಕಿವಿಯಲ್ಲಿ ಇನ್ನೂ ಓಡಾಡುತ್ತಿತ್ತೆಂದು ಕಾಣುತ್ತದೆ.

“ಒಡೆಲ್, ತಡಿ,” ಎಂದರು ಒಮ್ಮೆಗೇ. “ನಾನೀಗ ಹೋಗಿ ಹೆಡ್ ಕೋಚ್ ಹತ್ರ ಜಗಳ ಆಡ್ತೀನಿ. ಟೆಕ್ಸಸ್‌ನೋನು ಬೇಕಾದ್ರೆ ಜನವರಿಗೆ ಬರ್ಲಿ. ನಿನ್ನ ಜಾಗ ನಿನಗೇ ಇರುತ್ತೆ. ಕೆಲಸ ಹೋದ್ರೂ ಚಿಂತೆಯಿಲ್ಲ.”

ಅವರು ಸುಳ್ಳು ಹೇಳುತ್ತಿರಲಿಲ್ಲ. ಕುರ್ಚಿಯಿಂದ ಅರ್ಧ ಎದ್ದೂ ಆಗಿತ್ತು. ಒಡೆಲ್‌ನ ಮುಖದಲ್ಲಿ ಒಂದು ಕ್ಷಣ ದೊಡ್ಡ ಮೈದಾನದ ದೀಪಗಳೆಲ್ಲ ಒಟ್ಟಿಗೆ ಹತ್ತಿಕೊಂಡಂತೆ ಕಂಡಿತು. ಹ್ಞೂಂ ಅನ್ನು ಎಂದು ಮನಸ್ಸಿನಲ್ಲೇ ಹೇಳಿಕೊಂಡೆ. ಬೇಡ ಎಂದೂ ಹೇಳಿಕೊಂಡೆ.

“ಈಗ್ತಾನೇ ಆ ಸರ್‌ಗೆ ಹಾಕ್ತೀನಿ ಅಂದೆನಲ್ಲ, ಕೋಚ್.”

“ಇನ್ನೂ ಐದು ನಿಮಿಷಾನೂ ಆಗಿಲ್ಲ. ಬರ್ಲ್ ಹಳೇ ಕೈ. ಅರ್ಥ ಮಾಡ್ಕೋತಾನೆ.”

“ನಾನೂ ಇವತ್ತು ಅರ್ಥ ಮಾಡ್ಕೊಂಡೆ,” ಎಂದ ಒಡೆಲ್. “ಏನೂ ಚೆನ್ನಾಗಿರಲ್ಲ ಅದು.”

ಕೋಚ್ ಡೆನ್ನಾರ್ಡ್ ಮತ್ತೆ ಕೂತರು. ಸ್ವಲ್ಪ ಹೊತ್ತಿನ ಮೇಲೆ ಪೈ ತಿಂದರು, ಪೂರ್ತಿ. ಹೊರಡುವಾಗ ಒಡೆಲ್‌ನ ಕೈ ಕುಲುಕಿ, ಅವನ ಭುಜದ ಮೇಲೆ ಒಂದು ಗುದ್ದು ಹಾಕಿ ಕಾರಿಗೆ ನಡೆದರು.

ಬುಧವಾರ ನಾನು ರಜೆ ಹಾಕಿ ಪೆಂಡರ್‌ಗೆ ಹೋದೆ. ಶಾಲೆಯ ಜಿಮ್‌ನಲ್ಲಿ ಮೇಜು, ಮೇಜಿಗೊಂದು ಬಿಳಿ ಬಟ್ಟೆ. ಚರ್ಚಿನ ಹೆಂಗಸರು ಹಿಂದಿನ ಶುಕ್ರವಾರವೇ ನಮ್ಮ ಕಾಲೇಜಿನ ನೀಲಿ ಬಣ್ಣದಲ್ಲಿ ಕೇಕು ಮಾಡಿ ಮುಗಿಸಿದ್ದರು. ಎಸೆಯಲು ಮನಸ್ಸು ಬಾರದೆ, ಅದರ ಮೇಲೇ ಬೆತೆಲ್ ರಿಜ್‌ನ ಹಸಿರು ಬಳಿದಿದ್ದರು. ತಿಂದವರ ಹಲ್ಲೆಲ್ಲ ಹೆಸರಿಲ್ಲದ ಒಂದು ಬಣ್ಣಕ್ಕೆ ತಿರುಗಿತ್ತು. ನನ್ನ ಫೋನು ಗುಂಯ್‌ಗುಟ್ಟಿತು.

“ನಿಮ್ಮ ಕ್ಲಾಸಿಗೆ ಎಷ್ಟು ಕೊಟ್ರು ಮಗಳೇ?” ಎಂದು ಕೇಳಿದರು ಪಕ್ಕದಲ್ಲಿದ್ದ ಮಿಸ್ ವರ್ಡೀ.

“ಎ ಮೈನಸ್.”

“ಮೈನಸ್ ಯಾಕೆ?”

ನಾನು ಓದಿ ಹೇಳಿದೆ. “ಮುಂದೆ ನಿಂತು ತಡೆಯೋ ಲೈನಿನ ಹುಡುಗರು ಸಾಲದು ಅಂತೆ.”

ಮಿಸ್ ವರ್ಡೀ ನಗಲಿಲ್ಲ. ಕೇಕಿನ ಇನ್ನೊಂದು ತುಂಡು ತಂದು ನನ್ನ ತಟ್ಟೆಗೆ ಹಾಕಿ, “ತಿನ್ನು, ಸೊರಗಿದೀಯಾ,” ಎಂದರು.

ಅಷ್ಟರಲ್ಲಿ ಬೆತೆಲ್ ರಿಜ್‌ನಿಂದ ಹಸಿರು ಟೋಪಿ ಬಂದಿತ್ತು. ಒಡೆಲ್‌ನ ತಲೆಗೆ ಅದು ಚಿಕ್ಕದಾಯಿತು. ಪಾತ್ರೆಯ ಮೇಲೆ ಸಣ್ಣ ಮುಚ್ಚಳ ಕೂತ ಹಾಗೆ ನೆತ್ತಿಯ ಮೇಲೆ ಕೂತಿತು. ಬ್ಯಾಂಡ್ ಮೇಷ್ಟರ ಹೆಂಡತಿ ಕ್ಯಾಮೆರಾ ಹಿಡಿದು ಮೇಜಿನ ಮುಂದೆಯೇ ನಿಂತಿದ್ದರು, ಈ ಸಲ ಎಲ್ಲಿಗೂ ಓಡಲಿಲ್ಲ. ಟೋಪಿ ಜಾರದ ಹಾಗೆ ಕತ್ತು ನೆಟ್ಟಗಿಟ್ಟುಕೊಂಡು, ಬೆಂಕಿಕಡ್ಡಿಯಷ್ಟು ಸಣ್ಣಗೆ ಕಾಣುತ್ತಿದ್ದ ಪೆನ್ನನ್ನು ಹಿಡಿದು, ಒಡೆಲ್ ತನ್ನ ಹೆಸರನ್ನು ನಿಧಾನವಾಗಿ, ಪೂರ್ತಿಯಾಗಿ ಬರೆದ.