ಬಿಸಿಲಿಗೆ ಹಾಕಿದ ನೀರು

ಬೀರ್ ರೆಮ್ಲಾ ಊರಿನ ಮಸೀದಿಗೆ ಹನ್ನೆರಡು ನಲ್ಲಿಗಳು ಬಂದ ಮೂರನೇ ತಿಂಗಳಿಗೆ ಲಝರಜ್ಜ ಮರಳಿನಿಂದ ವುಜೂ ಮಾಡತೊಡಗಿದ. ನಮಾಜಿಗೆ ಮುಂಚೆ ಕೈ, ಬಾಯಿ, ಮುಖ, ಕಾಲು ತೊಳೆಯಬೇಕು. ನೀರು ಸಿಗದ ಪ್ರಯಾಣಿಕನಾದರೆ ಶುದ್ಧ ಮರಳಿಗೆ ಅಂಗೈ ತಟ್ಟಿ, ಮುಖಕ್ಕೂ ಕೈಗೂ ಸವರಿಕೊಂಡರೆ ಸಾಕು. ಲಝರಜ್ಜ ಪ್ರಯಾಣಿಕನಾಗಿರಲಿಲ್ಲ. ಅವನ ಮನೆ ಮಸೀದಿಯಿಂದ ಅರವತ್ತು ಹೆಜ್ಜೆ.

"ಮಾವನಿಗೆ ಏನೋ ಆಗಿದೆ," ಎಂದು ಅಳಿಯ ತಿಜಾನಿ ಚಪ್ಪಲಿ ಬಿಡುತ್ತಲೇ ಹೆಂಡತಿ ರೆಬ್ಹಾಗೆ ಹೇಳಿದ. "ನಲ್ಲೀಲಿ ನೀರು ಧೋ ಅಂತ ಸುರೀತಿದೆ, ಇವ್ರು ಬಾಗಿಲ ಹತ್ರ ಕುಕ್ಕರಗಾಲಲ್ಲಿ ಕೂತು ಮರಳು ಸವರ್ಕೊಂಡು ಒಳಗೆ ಬಂದ್ರು. ಊರೆಲ್ಲ ಬಾಯಿಗೆ ಕೈ ಅಡ್ಡ ಇಟ್ಕೊಂಡು ನಗ್ತಿದೆ."

"ಯಾರೂ ಏನೂ ಕೇಳ್ಲಿಲ್ವಾ?"

"ಕೇಳಿದ್ರು. 'ನನ್ನ ಮಗಳು ಟೀಚರ್, ಎಲ್ಲ ಅವಳಿಗೆ ಗೊತ್ತು, ಅವಳನ್ನೇ ಕೇಳಿ' ಅಂದ್ರು. ಈಗ ಊರವರಿಗೆ ಸಮಾಧಾನ. ಯಾರ ತಪ್ಪು ಅಂತ ಗೊತ್ತಾಯ್ತಲ್ಲ."

ರೆಬ್ಹಾ ಸೋಸುತ್ತಿದ್ದ ಮಜ್ಜಿಗೆಯನ್ನು ಅಲ್ಲೇ ಬಿಟ್ಟಳು. ಹೆಣ್ಣುಮಕ್ಕಳ ಶಾಲೆಯಲ್ಲಿ ವಿಜ್ಞಾನ ಕಲಿಸುವವಳು ಅವಳು. ಮಾತನ್ನು ತೂಗಿ ನೋಡದೆ ಹೊರಗೆ ಬಿಡುವ ಅಭ್ಯಾಸ ಅವಳಿಗಿಲ್ಲ. ಅಪ್ಪನ ಎದುರು ಮಾತ್ರ ಒಮ್ಮೆ ತೂಗಿರಲಿಲ್ಲ.

ಮರುಭೂಮಿಯ ಈ ಸೂಫ್ ಸೀಮೆಯಲ್ಲಿ ಖರ್ಜೂರಕ್ಕೆ ನೀರು ಹಾಕುವುದಿಲ್ಲ. ನೀರಿರುವಲ್ಲಿಗೆ ಖರ್ಜೂರವನ್ನೇ ಇಳಿಸುತ್ತಾರೆ. ಮರಳದಿಬ್ಬಗಳ ನಡುವೆ ಬಾಣಲೆಯಾಕಾರದ ಗುಂಡಿ ತೋಡುತ್ತ ಹೋಗಿ, ಕೆಳಗಿನ ನೀರು ಇನ್ನೊಂದು ಮೊಳ ದೂರವಿರುವಾಗ ನಿಲ್ಲಿಸಿ, ಅಲ್ಲಿ ಸಸಿ ನೆಡುತ್ತಾರೆ. ಬೇರು ತನ್ನ ಪಾಡಿಗೆ ತಾನು ಕುಡಿದುಕೊಳ್ಳುತ್ತದೆ. ಆಮೇಲೆ ಉಳಿಯುವ ಕೆಲಸ ಒಂದೇ. ಗಾಳಿ ತಂದು ಸುರಿದ ಮರಳನ್ನು ಬುಟ್ಟಿಯಲ್ಲಿ ಹೊತ್ತು ಮೇಲೆ ಹಾಕುವುದು, ಕೈಕಾಲು ಓಡುವಷ್ಟು ಕಾಲ. ಲಝರಜ್ಜ ಐವತ್ತು ವರ್ಷ ಹೊತ್ತಿದ್ದ. ಕಾಲುವೆಯ ಊರುಗಳಲ್ಲಿ ಮರಕ್ಕೆ ನೀರುಣಿಸುವವರ ಮಾತು ಬಂದರೆ, "ಅವ್ರು ಮರ ಬೆಳೆಸ್ತಾರಾ? ಕರು ಸಾಕ್ತಾರೆ," ಎನ್ನುತ್ತಿದ್ದ. ಅವನ ಗುಂಡಿತೋಟದಲ್ಲಿ ಇಪ್ಪತ್ತಮೂರು ಮರಗಳಿದ್ದವು. ನಡುವಿನದು ರೆಬ್ಹಾ ಹುಟ್ಟಿದ ವರ್ಷ ನೆಟ್ಟದ್ದು. ಅದನ್ನು ಅವನು 'ಅವಳು' ಎಂದೇ ಕರೆಯುತ್ತಿದ್ದ. ಮಗಳನ್ನೂ ಹಾಗೆಯೇ ಕರೆಯುತ್ತಿದ್ದುದರಿಂದ ಮನೆಯವರು ಸಂದರ್ಭ ನೋಡಿ ಅರ್ಥ ಮಾಡಿಕೊಳ್ಳಬೇಕಿತ್ತು.

ಹತ್ತು ವರ್ಷದ ಹಿಂದೆ ಊರಿಗೆ ಬಹಳ ಆಳದ ಕೊಳವೆಬಾವಿ ಬಂತು. ಮನೆಮನೆಗೆ ನಲ್ಲಿ, ಮನೆಮನೆಗೆ ಸ್ನಾನದ ಕೋಣೆ, ಮನೆಮನೆಗೆ ಇಂಗುಗುಂಡಿ. ಮೂರು ಜನ ಒಂದು ತಂಬಿಗೆಯಲ್ಲಿ ಮುಖ ತೊಳೆಯುತ್ತಿದ್ದ ಊರು ಅಂಗಳ ತೊಳೆಯುವುದನ್ನು ಕಲಿಯಿತು. ಕೊನೆಗೆ ಮಸೀದಿಗೂ ಸಾಲುನಲ್ಲಿ ಬೇಕೆಂದಾಯಿತು. ಲಝರಜ್ಜ 'ಅವಳ' ಒಂದು ವರ್ಷದ ಹಣ್ಣನ್ನೆಲ್ಲ ಅದಕ್ಕೆ ದಾನ ಕೊಟ್ಟ. ಬಾಗಿಲ ಪಕ್ಕದ ನಲ್ಲಿ ಅವಳದು ಎಂದು ಎಲ್ಲರಿಗೂ ಹೇಳುತ್ತಿದ್ದ.

ಅದಾಗಿ ಎರಡು ತಿಂಗಳಿಗೆ ರೆಬ್ಹಾ ಗುಂಡಿತೋಟಕ್ಕೆ ಇಳಿದಾಗ ಅವಳ ಹಿಮ್ಮಡಿಯ ಗುರುತಿನಲ್ಲಿ ನೀರು ತುಂಬಿಕೊಂಡಿತು.

"ಬರಕತ್ತು, ದೇವರು ಕೊಟ್ಟಿದ್ದು," ಎಂದ ಅಪ್ಪ, ಖುಷಿಯಿಂದ. "ಮೊದಲಾದ್ರೆ ಮೊಳ ಅಗೀಬೇಕಿತ್ತು."

ರೆಬ್ಹಾಗೆ ಖುಷಿಯಾಗಲಿಲ್ಲ. ನಾಲ್ಕು ವರ್ಷದಿಂದ ಅವಳು ಒಂದು ಕೋಲಿಗೆ ಗೀಟು ಹಾಕಿ ನೀರು ಎಲ್ಲಿದೆಯೆಂದು ನೋಡುತ್ತಿದ್ದಳು, ಯಾರಿಗೂ ಹೇಳದೆ. ಬುಡದ ಗರಿಗಳು ಹಳದಿಯಾಗಿದ್ದವು. ಮೂಲೆಯಲ್ಲಿ ಜೊಂಡು ಎದ್ದಿತ್ತು, ಊರಿನಲ್ಲಿ ಯಾರೂ ನೋಡಿರದಷ್ಟು ಹಸಿರಾಗಿ.

ಶಾಲೆಯ ಗೋಡೆಯಲ್ಲಿ ನೀರಿನ ಚಕ್ರದ ಚಿತ್ರವೊಂದಿದೆ. ಹಿಮದ ಬೆಟ್ಟ, ನದಿ, ಸಮುದ್ರ, ಮೋಡ, ಸುತ್ತ ಬಾಣಗಳು. "ಟೀಚರ್, ಇದ್ರಲ್ಲಿ ನಾವೆಲ್ಲಿ?" ಎಂದು ಹುಡುಗಿಯೊಬ್ಬಳು ಕೇಳಿದಾಗ ರೆಬ್ಹಾ ಯೋಚಿಸಿ, ಚಿತ್ರದಾಚೆ, ಅದನ್ನು ತೂಗುಹಾಕಿದ ಮೊಳೆಯ ಹತ್ತಿರ ಬೆರಳಿಟ್ಟಿದ್ದಳು. ಗುಂಡಿತೋಟಕ್ಕಿಳಿದ ಆ ದಿನ ಅಪ್ಪನಿಗಾಗಿ ಮರಳಿನ ಮೇಲೆ ಬೇರೆ ಚಿತ್ರ ಬರೆದಳು. ಪಾತಾಳದ ಹಳೆಯ ನೀರು, ಕೊಳವೆಬಾವಿ, ನಲ್ಲಿ, ಇಂಗುಗುಂಡಿ, ಮರಳು, ಮೇಲುಪದರದ ನೀರು, ಬೇರು.

"ಪಾತಾಳಕ್ಕೆ ವಾಪಸ್ ಹೋಗಲ್ವಾ?"

"ಅಷ್ಟು ದೂರ ಇಳಿಯೋಕೆ ದಾರಿ ಇಲ್ಲ ಅಪ್ಪಾ. ಮಧ್ಯ ಗಟ್ಟಿ ಪದರ ಇದೆ. ಇಲ್ಲೇ ನಿಲ್ಲುತ್ತೆ. ನೀರಷ್ಟೇ ಅಲ್ಲ, ನಾವು ಬಿಟ್ಟಿದ್ದೆಲ್ಲ ಬರುತ್ತೆ. ಆ ಜೊಂಡು ತಿಂತಿರೋದು ನಮ್ಮ ಬಚ್ಚಲಿನ ಸಾರಜನಕ. ಅದಕ್ಕೆ ಹಬ್ಬ. ಖರ್ಜೂರದ ಬೇರಿಗೆ ಮಾತ್ರ ಉಸಿರಾಡೋಕೆ ಜಾಗ ಇಲ್ಲ."

ಅಪ್ಪ ದಿಬ್ಬದ ಮೇಲಿನ ಮಸೀದಿಯನ್ನು ನೋಡಿದ, ಮರವನ್ನು ನೋಡಿದ. "ಅಂದ್ರೆ ನಾನು ಮುಖ ತೊಳೆದ ನೀರು ಇವಳ ಕಾಲಿಗೆ ಬರುತ್ತೆ?"

"ಬರುತ್ತೆ," ಎಂದುಬಿಟ್ಟಳು ರೆಬ್ಹಾ. ಸ್ವಲ್ಪ, ಎಲ್ಲರದರ ಜೊತೆ, ಎಂದು ಸೇರಿಸಬೇಕಿತ್ತು. ಸೇರಿಸಲಿಲ್ಲ.

ಮರಳಿನ ವುಜೂ ಸುದ್ದಿಯಾದ ಮೂರನೇ ದಿನ ಮಸೀದಿಯ ಶೇಖ್ ಹಫ್ನಾವಿ ಅಜ್ಜನ ಮನೆಗೆ ಚಹಾಕ್ಕೆ ಬಂದರು. ರೆಬ್ಹಾಳ ತೀರಿಹೋದ ತಾಯಿಗೆ ಅವರು ಚಿಕ್ಕಪ್ಪನ ಮಗ. ಹಾಗಾಗಿ ಸಲುಗೆಯಿತ್ತು.

"ಭಾವ, ಊರಲ್ಲಿ ನೀರಿದೆ," ಎಂದರು.

"ಇದೆ. ಅದೇ ರೋಗ."

"ನೀರಿರುವಾಗ ಮರಳಿನ ವುಜೂ ಸಲ್ಲಲ್ಲ."

"ಕಾಯಿಲೆಯವರಿಗೆ ಸಲ್ಲುತ್ತೆ ಅಂತ ನೀನೇ ಹೇಳಿದ್ದೆ."

"ನಿನಗೇನು ಕಾಯಿಲೆ? ಬೆಳಿಗ್ಗೆ ನನಗಿಂತ ಮೊದಲು ಬಂದು ಕೂತು, ಲೇಟಾಯ್ತು ಅಂತ ನನ್ನನ್ನೇ ಬೈತೀಯ."

"ನನಗಲ್ಲ, ಅವಳಿಗೆ."

ಶೇಖ್ ಗಾಬರಿಯಿಂದ, ಚಹಾ ಕೊಡಲು ಬಂದಿದ್ದ ರೆಬ್ಹಾಳತ್ತ ತಿರುಗಿದರು.

"ಮರಕ್ಕೆ ಮಾಮ," ಎಂದಳು ರೆಬ್ಹಾ. "ನಾನು ಆರಾಮಿದೀನಿ."

ಅಜ್ಜ ಗ್ಲಾಸು ಕೆಳಗಿಟ್ಟ. "ಒಂದು ಮಾತು ಹೇಳು. ಒಂಟೆಗೆ ಕುಡಿಸೋಕೆ ಬೇಕು ಅಂತ ನೀರು ಉಳಿಸಿ ಮರಳು ಸವರ್ಕೊಂಡ್ರೆ?"

"ಸಲ್ಲುತ್ತೆ. ಪ್ರಾಣಿ ಬಾಯಾರಿ ಸಾಯಬಾರದು."

"ಬಾಯಾರಿ ಸಾಯೋರಿಗೆ ರಿಯಾಯಿತಿ ಇದೆ. ಮುಳುಗಿ ಸಾಯೋರಿಗೆ ಇಲ್ವಾ?"

ಶೇಖ್ ಒಂದು ಕಡಲೆಕಾಯಿ ಸುಲಿದರು. ಬಹಳ ನಿಧಾನವಾಗಿ ಸುಲಿದರು. "ಪುಸ್ತಕ ಬರೆದೋರೆಲ್ಲ ಬಾಯಾರಿದೋರು ಭಾವ. ನೀರು ಸಾಲದಿದ್ರೆ ಏನು ಮಾಡ್ಬೇಕು ಅಂತ ನೂರು ಪುಟ ಇದೆ. ಜಾಸ್ತಿಯಾದ್ರೆ ಅಂತ ಯಾರೂ ಯೋಚನೆ ಮಾಡಿಲ್ಲ. ರಾಜಧಾನಿಯ ದೊಡ್ಡೋರಿಗೆ ಬರೆದು ಕೇಳ್ತೀನಿ. ಅಲ್ಲೀವರೆಗೆ ನಲ್ಲೀಲಿ ತೊಳ್ಕೋ."

"ಅಲ್ಲೀವರೆಗೆ ನಲ್ಲಿಗೆ ಬೀಗ ಹಾಕು."

"ದಾನ ಕೊಟ್ಟೋನು ನೀನೇ."

"ಅದಕ್ಕೇ ಹೊಟ್ಟೆ ಉರಿಯೋದು. ಅವಳ ಹಣ್ಣು ಕೊಟ್ಟು ಅವಳನ್ನೇ ಮುಳುಗಿಸ್ದೆ."

ಶೇಖ್ ಕೈ ತೊಳೆಯಲೆಂದು ರೆಬ್ಹಾ ಹೂಜಿಯಿಂದ ನೀರು ಹೊಯ್ದಳು, ಕೆಳಗೆ ಬೋಗುಣಿ ಹಿಡಿದಳು. ತೊಳೆದಾದ ಮೇಲೆ ಮೂವರೂ ಬೋಗುಣಿಯನ್ನೇ ನೋಡಿದರು. ಅರ್ಧ ಸೇರು ಕೊಳೆನೀರು. ಬಚ್ಚಲಿಗೆ ಸುರಿದರೆ ಮರಕ್ಕೆ, ಅಂಗಳಕ್ಕೆ ಚೆಲ್ಲಿದರೂ ಮರಕ್ಕೆ.

"ಮಹಡಿಗೆ," ಎಂದಳು ರೆಬ್ಹಾ ಕೊನೆಗೆ. "ಸೂರ್ಯ ತಗೊಂಡು ಹೋಗ್ಲಿ."

ಅಂದಿನಿಂದ ಅಪ್ಪನ ಮನೆ, ರೆಬ್ಹಾಳ ಮನೆ ಎರಡರ ಕೊಳೆನೀರೂ ಮಹಡಿ ಹತ್ತಿತು. ಖರ್ಜೂರ ಹರವುವ, ಅಂಚು ಮಡಚಿದ ದೊಡ್ಡ ತಗಡುಗಳಲ್ಲಿ ರೆಬ್ಹಾ ನೀರು ಹರವಿದಳು. ಪಾಠ ಮುಗಿಸಿ ಬಂದು ಒಣಗಿದೆಯೇ ಎಂದು ಮುಟ್ಟಿ ನೋಡುತ್ತಿದ್ದಳು. ತಿಜಾನಿ ಬಕೆಟ್ಟು ಹೊತ್ತು ಮೆಟ್ಟಿಲು ಹತ್ತುವಾಗಲೆಲ್ಲ, "ನಮ್ಮಜ್ಜ ಬಾವಿಯಿಂದ ಮೇಲಕ್ಕೆ ಸೇದ್ತಿದ್ದ, ನಾನು ಬಚ್ಚಲಿಂದ ಮೇಲಕ್ಕೆ ಹೊರ್ತೀನಿ. ವಂಶ ಉದ್ಧಾರ ಆಯ್ತು," ಎನ್ನುತ್ತಿದ್ದ. ಆದರೂ ಹೊರುತ್ತಿದ್ದ.

ಎದುರು ಮಹಡಿಯ ಖಮ್ಸಾ ಕಣ್ಣಿಗೆ ಕೈ ಅಡ್ಡ ಹಿಡಿದು ಕೇಳಿದಳು. "ಏನೇ ಒಣಗಿಸ್ತಿದೀಯ ರೆಬ್ಹಾ?"

"ನೀರು."

"ಚೆನ್ನಾಗಿ ಒಣಗಿಸು, ಹುಳ ಬಿದ್ದೀತು," ಎಂದು ಖಮ್ಸಾ ತನ್ನ ಮಹಡಿಗೆ ಎರಡು ಬಕೆಟ್ಟು ಸುರಿದು ಗುಡಿಸಿದಳು.

ಕೋಲಿನ ಗೀಟಿನಲ್ಲಿ ನೀರು ಇಳಿಯಲಿಲ್ಲ. ಊರಿನಲ್ಲಿ ನಾನೂರು ಮನೆ. ರೆಬ್ಹಾಗೆ ಲೆಕ್ಕ ಗೊತ್ತಿತ್ತು. ಗೊತ್ತಿದ್ದೂ ದಿನಾ ತಗಡು ಹರವುತ್ತಿದ್ದಳು, ಏಕೆಂದರೆ ಅಪ್ಪ ಕೆಳಗಿನಿಂದ ನೋಡುತ್ತಿದ್ದ. ಚಳಿಗಾಲದ ಹೊತ್ತಿಗೆ ಗುಂಡಿಯ ತಳ ಕೆರೆಯಾಯಿತು. ಒಂದು ಸಂಜೆ ಅಪ್ಪ ಕಿವಿಗೊಟ್ಟು, "ಅದ್ಯಾವ ಹಕ್ಕಿ?" ಎಂದು ಕೇಳಿದ. ಎಪ್ಪತ್ತೆರಡು ವರ್ಷದ ಅವನು ಕಪ್ಪೆಯ ಕೂಗನ್ನು ಎಂದೂ ಕೇಳಿರಲಿಲ್ಲ.

ಶೇಖ್ ಬರೆದಿದ್ದ ರಾಜಧಾನಿಯ ದೊಡ್ಡವರಿಂದ ಉತ್ತರ ಬರಲಿಲ್ಲ. ಬದಲಿಗೆ ಸೊಳ್ಳೆಯ ದೂರಿನ ಮೇಲೆ ಸರ್ಕಾರಿ ಕಚೇರಿಯವರು ಬಂದರು. ನೀರು ನಿಂತ ಗುಂಡಿಗಳನ್ನೆಲ್ಲ ಮರಳು ತುಂಬಿ ಮುಚ್ಚುವುದು ಅವರು ಕಂಡುಹಿಡಿದ ಪರಿಹಾರ. ಲಾರಿಗಳು ತಯಾರಿದ್ದವು. ಮಾಲೀಕ ಒಪ್ಪಬೇಕಿತ್ತು ಅಷ್ಟೆ.

"ಇನ್ನೊಂದು ಬೇಸಿಗೆ ನೋಡೋಣ," ಎಂದ ಅಪ್ಪ, ಮಗಳ ಕಡೆ ತಿರುಗಿ. "ನೀನು ಏನಂತೀಯ? ನೀನು ಹೇಳ್ದಂಗೆ."

ರೆಬ್ಹಾ ಈ ಸಲ ತೂಗಿದಳು. ನಡುವಿನ ಮರದ ಸುಳಿ ಹಿಂದಿನ ವಾರವೇ ವಾಲಿತ್ತು. ಅವಳು ನೋಡಿದ್ದಳು, ಅಪ್ಪನೂ ನೋಡಿದ್ದ.

"ಅವಳು ಹೋಗಿದಾಳೆ ಅಪ್ಪಾ," ಎಂದಳು. "ಆದ್ರೆ ಕಾಂಡದಲ್ಲಿ ಒಂದು ಕಂದು ಇದೆ, ಮರಿ ಗಿಡ."

ಆ ವಯಸ್ಸಿನ ಮರ ಕಂದು ಬಿಡುವುದು ಅಪರೂಪ. ಬಿಟ್ಟರೂ ಮೊಣಕಾಲೆತ್ತರದಲ್ಲಿ ಅಂಟಿಕೊಂಡ ಕಂದಿಗೆ ಬೇರು ಬರುವುದಿಲ್ಲ. ಇದಕ್ಕೆ ಬಂದಿತ್ತು. ನೀರು ಅಲ್ಲಿಯವರೆಗೆ ಏರಿದ್ದರಿಂದಲೇ ಬಂದಿತ್ತು. ಅಪ್ಪ ನಿಲುವಂಗಿ ಎತ್ತಿ ಕಟ್ಟಿ ನೀರಿಗಿಳಿದು, ಉಳಿಯಿಂದ ಅದನ್ನು ಬಿಡಿಸಿ, ಹಸುಗೂಸಿನಂತೆ ಎದೆಗೊತ್ತಿ ಮೇಲೆ ತಂದ. ಆಮೇಲೆ ಲಾರಿಯವರಿಗೆ ತಲೆಯಾಡಿಸಿದ.

ಐವತ್ತು ವರ್ಷದ ಮರಳು ನಾಲ್ಕು ದಿನದಲ್ಲಿ ವಾಪಸಾಯಿತು. ಅಪ್ಪ ನಾಲ್ಕೂ ದಿನ ಅಂಚಿನಲ್ಲಿ ಕೂತಿದ್ದ. ಎರಡನೇ ದಿನ ತಡೆಯಲಾರದೆ ಎದ್ದು, "ಆ ಮೂಲೆ ತಗ್ಗಾಯ್ತಪ್ಪ, ಪೂರ್ವದ ಗಾಳಿ ಅಲ್ಲಿಂದಲೇ ಬರೋದು," ಎಂದು ಡ್ರೈವರನಿಗೆ ಕೈ ತೋರಿಸಿದ. ಯಾವ ಕೆಲಸವೇ ಆಗಲಿ, ತನ್ನ ಜಾಗದಲ್ಲಿ ಒರಟಾಗಿ ಆಗುವುದು ಅವನಿಗೆ ಸೇರದು.

ಕಂದನ್ನು ಅವನು ತನ್ನ ಅಂಗಳದಲ್ಲಿ ನೆಟ್ಟ. ಅಲ್ಲಿಂದ ಕೆಳಗಿನ ನೀರಿಗೆ ಇನ್ನೂ ನಾಲ್ಕಾಳು ಆಳ. ಎಳೆಬೇರು ಅಷ್ಟು ದೂರ ಹೋಗಲಾರದು. ಯಾರಾದರೂ ಉಣಿಸಬೇಕು.

ಮರುದಿನದಿಂದ ಲಝರಜ್ಜ ನೀರಿನಲ್ಲಿ ವುಜೂ ಮಾಡತೊಡಗಿದ. ಮನೆಯಲ್ಲೇ, ಸಸಿಯ ಬುಡದಲ್ಲಿ ಕೂತು, ಒಂದೊಂದು ಕೈಕಾಲನ್ನೂ ಮೂರು ಮೂರು ಸಲ, ಸಾವಕಾಶವಾಗಿ. ಊರಿಗೆ ನೆಮ್ಮದಿಯಾಯಿತು. ಅಜ್ಜನಿಗೆ ಬುದ್ಧಿ ಮರಳಿತೆಂದು ಖಮ್ಸಾ ಸಿಹಿ ಕಳಿಸಿದಳು. ಶೇಖ್ ಹಫ್ನಾವಿ ಮಾತ್ರ ರೆಬ್ಹಾಳನ್ನು ದಾರಿಯಲ್ಲಿ ನಿಲ್ಲಿಸಿದರು.

"ಭಾವ ನೀರಿಗೆ ಬಂದಿದ್ದು ಸಂತೋಷ ಮಗಳೇ. ಆದ್ರೆ ನಿನ್ನೆ ಬೆಳಿಗ್ಗೆ ಹತ್ತು ಗಂಟೆಗೆ ಹೋದಾಗ್ಲೂ ವುಜೂ ಮಾಡ್ತಿದ್ದ. ಹತ್ತು ಗಂಟೆಗೆ ಯಾವ ನಮಾಜು?"

"ಕೇಳ್ತೀನಿ ಮಾಮ."

ಕೇಳಲೆಂದು ಹೋದಾಗ ಅಪ್ಪ ಎರಡನೇ ಹೂಜಿಯಲ್ಲಿದ್ದ. ಕಾಲು ಆಗಲೇ ಬೆಳ್ಳಗೆ ನೆನೆದು ಸುಕ್ಕುಗಟ್ಟಿತ್ತು. ನೀರು ಸಸಿಯ ಬುಡದಲ್ಲಿ ಒಂದು ಗಳಿಗೆ ನಿಂತು ಮರಳಿಗಿಳಿಯಿತು. ಅದು ಎಲ್ಲಿಗೆ ಹೋಗುತ್ತದೆಂದು ರೆಬ್ಹಾಗೆ ಗೊತ್ತಿತ್ತು. ಬೇರು ಕುಡಿದು ಉಳಿದದ್ದು ಮೊದಲು ಹೋಗುತ್ತಿದ್ದಲ್ಲಿಗೇ. ಇಷ್ಟು ಸಾಕು ಎಂಬ ಮಾತು ನಾಲಿಗೆಯ ತುದಿಯವರೆಗೆ ಬಂತು. ಅದನ್ನು ತೂಗಿ, ಒಳಗೇ ಇಟ್ಟುಕೊಂಡಳು.

"ಹುಟ್ಟಿದಾಗಿಂದ ಮರಕ್ಕೆ ನೀರು ಹಾಕಿದೋನಲ್ಲ ನಾನು," ಎಂದ ಅಪ್ಪ, ತಲೆಯೆತ್ತದೆ. "ಯಾರಾದ್ರೂ ಕೇಳಿದ್ರೆ ವುಜೂ ಅಂತ ಹೇಳು."

ಬಾಗಿಲ ಕಡೆ ಒಮ್ಮೆ ನೋಡಿ, ಹೂಜಿಯನ್ನು ಮಗಳತ್ತ ಚಾಚಿದ. ರೆಬ್ಹಾ ನಲ್ಲಿಯಲ್ಲಿ ತುಂಬಿಸಿಕೊಂಡು ಬಂದಳು.