ಹುಲಗೆಮ್ಮನ ಹದಿನಾಲ್ಕು ಸಾಲು

“ಸರ್, ಈ ಹುಲಗೆಮ್ಮನ ಎದಿಗೆ ನೀವು ಸ್ಟೆತಸ್ಕೋಪ್ ಇಟ್ಟದ್ದು ಯಾವ ಪುಟದಾಗ ಐತ್ರಿ?”

ಅಂಜಲಿ ಕೇಳಿದ್ದು ತಲೆಯೆತ್ತದೆಯೇ. ಅವಳ ಮುಂದೆ, ದವಾಖಾನೆಯ ಮರದ ಬೆಂಚಿನ ಮೇಲೆ, ಮನೆಗೊಂದರಂತೆ ಹೊಲಿದಿಟ್ಟ ನೋಟುಬುಕ್ಕುಗಳು ರಾಶಿಯಾಗಿ ಬಿದ್ದಿದ್ದವು. ರಟ್ಟಿನ ಮೇಲೆ ಮನೆತನದ ಹೆಸರು, ಓಣಿಯ ಹೆಸರು. ಒಳಗೆ ಐದು ಅಂಕಣ. ದಿನಾಂಕ, ಯಾರಿಗೆ, ಏನು, ಬಂದವರು, ಔಷಧ. ಕೊಪ್ಪಳ ಜಿಲ್ಲೆ ರಾಯಚೂರಿನಿಂದ ಬೇರೆಯಾದ ವರ್ಷ, ತೊಂಬತ್ತೇಳರಲ್ಲಿ, ಡಾಕ್ಟರ್ ಕಳಕಪ್ಪನವರು ಶುರುಮಾಡಿದ ಪದ್ಧತಿ ಅದು. ‘ಏನು’ ಎಂಬಲ್ಲಿ ಅವರು ಮೊದಲು ರೋಗದ ಹೆಸರು ಬರೆಯುತ್ತಿರಲಿಲ್ಲ. ನೋವುಂಡವರು ಆಡಿದ ಮಾತನ್ನು ಆಡಿದ ಹಾಗೆಯೇ ಬರೆದು, ರೋಗದ ಹೆಸರನ್ನು ಕೊನೆಯಲ್ಲಿ, ಸಣ್ಣ ಅಕ್ಷರದಲ್ಲಿ, ಅಷ್ಟೇನೂ ನಂಬಿಕೆಯಿಲ್ಲದವರಂತೆ ಸೇರಿಸುತ್ತಿದ್ದರು.

“ಇರಬೇಕಲ್ಲವ್ವ, ನೋಡು,” ಎಂದರು ಅವರು.

“ನೋಡಿದೆ ಸರ್. ಹದಿನಾಕು ಸಾಲು ಅದಾವು. ಹದಿನಾಕಕ್ಕೂ ಬಂದವರು ಅಂದ್ರ ಮಾಶಾಬಿ. ಹುಲಗೆಮ್ಮ ಅಂತ ಒಮ್ಮೆನೂ ಇಲ್ಲ.”

ಕಳಕಪ್ಪನವರು ಕನ್ನಡಕ ತೆಗೆದು ಅಂಗಿಯ ಚುಂಗಿಗೆ ಒರೆಸಿಕೊಂಡರು. ಆ ಅಂಗಿಗೆ ಇಸ್ತ್ರಿಯಾಗಿತ್ತು. ಆರು ವಾರಗಳಿಂದ, ಪ್ರತಿ ಗುರುವಾರ ಕೊಪ್ಪಳದ ವೈದ್ಯಕೀಯ ಕಾಲೇಜಿನಿಂದ ಈ ಹುಡುಗಿ ಸಿದ್ದಾಪುರಕ್ಕೆ ಬರತೊಡಗಿದಂದಿನಿಂದ, ಡಾಕ್ಟರರ ಅಂಗಿಗೆ ಇಸ್ತ್ರಿ ಬೀಳುವುದನ್ನು ಕಾಂಪೌಂಡರ್ ಮದಾರಸಾಬ ಗಮನಿಸಿ, ಗಮನಿಸದವನಂತೆ ಇದ್ದ. ಕುಷ್ಟಗಿ ಕಡೆಯ ಈ ಅಂಜಲಿ ಅಲ್ಲಿ ಅಧ್ಯಾಪಕಿ. ಮೊದಲ ದಿನವೇ ಅವಳು ಹೇಳಿದ್ದಳು: “ನೂರು ಮಂದಿಗೆ ಜಡ್ಡಾದ್ರ ನಮ್ಮ ಆಸ್ಪತ್ರಿ ಮೆಟ್ಟಲಾ ಹತ್ತೂದು ಒಬ್ಬರೋ ಇಬ್ಬರೋ ಸರ್. ಉಳಿದವರು ಇಂಥಾ ದವಾಖಾನ್ಯಾಗ ಆರಾಮಾಗ್ತಾರ, ಇಲ್ಲಾ ಆಗೂದಿಲ್ಲ. ಅವರ ಬಗ್ಗೆ ನಮ್ಮ ಪುಸ್ತಕದಾಗ ಏನೂ ಇಲ್ಲ. ಅದು ನಿಮ್ಮ ರಟ್ಟಿನ್ಯಾಗ ಐತಿ.” ಅಧ್ಯಯನ ಮುಗಿದು ವಿಶ್ವವಿದ್ಯಾಲಯ ಒಪ್ಪಿದರೆ, ಓದು ಮುಗಿಸುವ ಹುಡುಗರು ತಿಂಗಳಿಗಿಬ್ಬರಂತೆ ಇಲ್ಲಿಗೆ ಬಂದು, ಈ ಬೆಂಚಿನ ಪಕ್ಕದಲ್ಲಿ ಕುಳಿತು, ಊರ ವೈದ್ಯ ಕೆಲಸ ಮಾಡುವುದು ಹೇಗೆಂದು ಕಲಿಯುವರು. ಅರವತ್ತೆಂಟರ ಕಳಕಪ್ಪನವರಿಗೆ ತಮ್ಮ ನಂತರ ಈ ಬಾಗಿಲನ್ನು ಯಾರು ತೆರೆಯುವರೆಂಬುದು ಬಹುಕಾಲದಿಂದ ಉತ್ತರವಿಲ್ಲದ ಪ್ರಶ್ನೆಯಾಗಿತ್ತು.

ಹೊರಗೆ ಚಪ್ಪಲಿ ಬಿಟ್ಟ ಸದ್ದಾಯಿತು. ಮೊಣಕಾಲಿನವರೆಗೆ ಗದ್ದೆಯ ಕೆಸರು ಒಣಗಿ ಬೂದಿಬಣ್ಣಕ್ಕೆ ತಿರುಗಿದ ಕಾಲುಗಳು ಒಳಬಂದವು.

“ಬಾ ಮಾಶಾಬಿ,” ಎಂದ ಮದಾರಸಾಬ. “ಇವತ್ತ ಎಷ್ಟು ಮಂದಿ ಜಡ್ಡು ಸೆರಗಿನ್ಯಾಗ ಕಟಗೊಂಡು ಬಂದಿ?”

“ಐದ ಮಂದಿದು. ನಾಲಿಗಿ ಜಡ್ಡಿಗೆ ಔಷಧ ಇದ್ರ ಮದ್ಲ ನೀ ಒಂದು ನುಂಗು.”

ಅವಳ ಸೆರಗಿನ ಅಂಚಿನಲ್ಲಿ ಐದು ಗಂಟುಗಳಿದ್ದವು. ಭತ್ತದ ಸಸಿ ಹಚ್ಚುವ ಹೆಂಗಸರ ಗುಂಪಿಗೆ ಮಾಶಾಬಿ ಮುಂದಾಳು. ನಾಟಿಯ ಕಾಲದಲ್ಲಿ ಕಾಲುವೆಗೆ ನೀರು ಬಿಟ್ಟ ಮೇಲೆ ಯಾರೂ ದಿನ ಕೆಡಿಸಿಕೊಳ್ಳುವಂತಿಲ್ಲ. ಒಬ್ಬಳು ಸಾಲು ಬಿಟ್ಟರೆ ಗುಂಪಿನ ಕೆಲಸವೇ ಹಿಂದೆ ಬೀಳುವುದು. ಹಾಗಾಗಿ ಗದ್ದೆಯಲ್ಲಿ ಬಗ್ಗಿದಲ್ಲೇ ಒಬ್ಬೊಬ್ಬರೂ ತಮ್ಮ ಸಂಕಟ ಹೇಳುವರು, ಮಾಶಾಬಿ ಒಂದೊಂದಕ್ಕೆ ಒಂದೊಂದು ಗಂಟು ಹಾಕಿಕೊಳ್ಳುವಳು. ಸಂಜೆ ಇಲ್ಲಿಗೆ ಬಂದು ಗಂಟು ಬಿಚ್ಚುತ್ತ ಒಂದೊಂದೇ ಹೇಳಿ, ಐದು ಪೊಟ್ಟಣ ಗುಳಿಗೆ ಒಯ್ಯುವಳು. ಇಪ್ಪತ್ತೆರಡು ವರ್ಷಗಳಿಂದ ನಡೆದುಬಂದದ್ದು. ಬಡವರ ದಿನ ಕೆಡಿಸದ ಡಾಕ್ಟರು ಎಂದು ಕಳಕಪ್ಪನವರ ಹೆಸರು ಕಾರಟಗಿಯವರೆಗೆ ಹಬ್ಬಿದ್ದು ಈ ಗಂಟುಗಳಿಂದಲೇ.

ಅಂದು ಅವರು ಐದನೆಯ ಗಂಟಿನ ಔಷಧಿ ಬರೆಯುವಾಗ ಪೆನ್ನು ಎರಡು ಸಲ ನಿಂತಿತು. ಅಂಜಲಿ ನೋಡುತ್ತಿದ್ದಳು.

ಮಾಶಾಬಿ ಹೋದ ಮೇಲೆ ಅವರೇ ಕೈ ಚಾಚಿದರು. “ಹುಲಗೆಮ್ಮಂದು ಓದು.”

“ಏರಿ ಹತ್ತೂ ಮುಂದ ಎದ್ಯಾಗ ಗುಬ್ಬಿ ಬಡಕೊಂಡಂಗ ಆಗತೈತಿ, ಅಂದಾಳ. ಎರಡು ಸಾವಿರದ ಒಂದು, ಶ್ರಾವಣ. ಕೆಳಗ ನೀವು ರಕ್ತ ಕಡಿಮಿ ಅಂತ ಬರದೀರಿ. ಆಮ್ಯಾಲ, ಅಂಗಾತ ಮಲಗಿದ್ರ ಮುಳಗಿದಂಗ ಆಗತೈತಿ, ಕುಂತ ನಿದ್ದಿ ಮಾಡ್ತಾಳ. ಆಮ್ಯಾಲ…”

“ಸಾಕು.”

ಕಳಕಪ್ಪನವರು ಹುಬ್ಬಳ್ಳಿಯಲ್ಲಿ ಓದುವಾಗ, ವಾರ್ಡಿನ ಮೂಲೆಯ ಹಾಸಿಗೆಯಲ್ಲಿ ಒಬ್ಬ ಹೆಣ್ಣುಮಗಳನ್ನು ಎಡಮಗ್ಗುಲಿಗೆ ಮಲಗಿಸಿ ಗುರುಗಳು ಹದಿನೆಂಟು ವಿದ್ಯಾರ್ಥಿಗಳಿಗೂ ಎದೆ ಕೇಳಿಸಿದ್ದರು. ಹದಿನೇಳು ಮಂದಿಗೆ ಏನೂ ಕೇಳಿಸಿರಲಿಲ್ಲ. ಕಳಕಪ್ಪ ಮಾತ್ರ, “ದೂರದಾಗ ಅಕ್ಕಿ ಗಿರಣಿ ನಡದಂಗ ಕೇಳತೈತ್ರಿ ಸರ್,” ಎಂದಿದ್ದ. ಹೃದಯದ ಒಂದು ಬಾಗಿಲು ಕಿರಿದಾದಾಗ ಹೊರಡುವ ಸದ್ದು ಅದು. ಅಂದು ಗುರುಗಳು ಅವನ ಬೆನ್ನು ತಟ್ಟಿದ್ದರು. ಆ ಕಿವಿ ಈಗಲೂ ಅವರ ತಲೆಯ ಎರಡು ಬದಿಗೆ ಇತ್ತು. ಹುಲಗೆಮ್ಮ, ಚೊಚ್ಚಲ ಹೆರಿಗೆಯಾದ ಮೂರನೆಯ ತಾಸಿಗೆ, ಗಂಗಾವತಿಯ ದಾರಿಯಲ್ಲಿ ಟೆಂಪೋದೊಳಗೆ ಉಸಿರು ಸಿಗದೆ ತೀರಿಕೊಂಡು ಹದಿನಾರು ವರ್ಷವಾಗಿತ್ತು.

“ಸತ್ತವರ ಪುಟ ಬಳಸಬೇಕಂದ್ರ ಮನಿಯವರ ಒಪ್ಪಿಗಿ ಪತ್ರ ಬೇಕ್ರಿ, ಕಾಲೇಜಿನ ನಿಯಮ,” ಅಂಜಲಿ ಮೆಲ್ಲಗೆ ಹೇಳಿದಳು. “ಇದೊಂದು ಬುಕ್ಕು ಬಿಡೂಣು ಸರ್. ಆರನೂರಾ ನಲವತ್ತು ಮನಿ ಅದಾವು. ಒಂದು ಇಲ್ಲಂದ್ರ ಯಾರೂ ಕೇಳೂದಿಲ್ಲ.”

“ನೀನು ಕೇಳೂದಿಲ್ಲೇನು?”

ಅವಳು ಆ ಬುಕ್ಕಿನ ರಟ್ಟು ಮುಚ್ಚಿದಳು. “ಹುಡುಗರಿಗೆ ಕಲಸೂದು ಇದ್ರಾಗನ ಐತ್ರಿ,” ಎಂದಳು.

ಬಸ್ಸಿನ ಹೊತ್ತಾಗಿ ಅವಳು ಹೊರಟಳು. ಮದಾರಸಾಬ ಬುಕ್ಕುಗಳನ್ನು ಕಪಾಟಿಗೆ ಏರಿಸಿದ. ಒಂದು ಮಾತ್ರ ಮೇಜಿನ ಮೇಲೆ ಉಳಿಯಿತು. ಮೂರು ದಿನ ಕಳಕಪ್ಪನವರು ಅದರ ಮೇಲೆ ಬೇರೆ ಕಾಗದಗಳನ್ನು ಇಡುತ್ತ ಹೋದರು. ಅದು ಮರೆಯಾಗಲಿಲ್ಲ, ಎತ್ತರವಾಯಿತು.

ಭಾನುವಾರ ಬೆಳಿಗ್ಗೆ ಅವರು ಕಾಲುವೆಯ ದಂಡೆ ಹಿಡಿದು ವೆಂಕೋಬನ ಮನೆಗೆ ನಡೆದರು. ಹುಲಗೆಮ್ಮನ ಗಂಡ ವೆಂಕೋಬ ಗದ್ದೆಗಳಿಗೆ ಸರದಿಯ ಮೇಲೆ ನೀರು ಬಿಡುವ ನೀರುಗಂಟಿ. ಮತ್ತೆ ಮದುವೆಯಾಗದೆ ಮಗಳನ್ನು ಸಾಕಿದ್ದ. ಡಾಕ್ಟರರು ಅಂಗಳಕ್ಕೆ ಬಂದದ್ದನ್ನು ಕಂಡು ಅವನು ಗಾಬರಿಯಿಂದ ಸಲಿಕೆ ಒರಗಿಸಿದ.

“ಹೇಳಿ ಕಳಿಸಿದ್ರ ನಾನ ಬರ್ತಿದ್ನೆಲ್ಲರಿ ಸಾಹೇಬ್ರ! ರಂಜೀ, ಕಂಬಳಿ ಹಾಸವಾ. ಹಾಲು ಐತೇನು ನೋಡು.”

“ಚಾ ಬ್ಯಾಡ. ಕುಂದ್ರು, ವೆಂಕೋಬ.”

ಕುಳಿತರು. ಹೇಳಬೇಕಾದುದನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದರು. ಬಾಯಿಗೆ ಬಂದದ್ದು ಅದಲ್ಲ.

“ಹುಲಗೆಮ್ಮಗ ಎದಿ ಜಡ್ಡಿತ್ತೋ. ಹೃದಯದ ಒಂದು ಬಾಗಲಾ ಸಣ್ಣದಾಗಿತ್ತು. ನಾ ಒಮ್ಮೆ ಎದಿಗೆ ಕೊಳವಿ ಹಚ್ಚಿ ಕೇಳಿದ್ರ ತಿಳೀತಿತ್ತು. ಕೇಳಲಿಲ್ಲ. ಆಕೀನ್ನ ನೋಡಲಾರದನ ಮೂರು ವರ್ಷ ರಕ್ತದ ಗುಳಿಗಿ ಕೊಟ್ಟೆ.”

ವೆಂಕೋಬ ಅವರ ಮುಖವನ್ನೇ ನೋಡಿದ. “ಹಣೇಬರಾ ಅಂತ ಮಾಡಿದ್ವೆಲ್ಲರಿ ನಾವು,” ಎಂದ. “ನೀವ ಆಕಿ ಮಣ್ಣಿಗೆ ಬಂದು ನಿಂತಿದ್ರಿ. ಅಷ್ಟು ದೊಡ್ಡ ಮನಿಷ್ಯಾರು ಬಂದಾರಂತ ನಮ್ಮ ಮಂದಿ ಇವತ್ತಿಗೂ ಅಂತಾರ.”

ಅವರು ಒಪ್ಪಿಗೆ ಪತ್ರವನ್ನೂ ನೋಟುಬುಕ್ಕನ್ನೂ ಕಂಬಳಿಯ ಮೇಲೆ ಇಟ್ಟು, ಯಾತಕ್ಕೆಂದು ತಿಳಿಸಿ ಹೇಳಿದರು. ವೆಂಕೋಬನಿಗೆ ಅಕ್ಷರ ಬಾರದು. ಮಗಳು ರಂಜಿತಾ, ಕಾಲೇಜಿನ ಮೊದಲ ವರ್ಷದವಳು, ತಾಯಿ ಸತ್ತ ದಿನವೇ ಹುಟ್ಟಿದವಳು, ಬುಕ್ಕನ್ನು ತೊಡೆಯ ಮೇಲಿಟ್ಟುಕೊಂಡು ಬೆರಳು ಹಿಡಿದು ಓದತೊಡಗಿದಳು. ಮೊದಲ ಸಾಲು ಮುಗಿಯುವ ಮುನ್ನ ನಿಲ್ಲಿಸಿದಳು.

“ಅಜ್ಜಾರ, ಇದು ನಮ್ಮವ್ವ ಅಂದ ಮಾತೇನ್ರಿ?”

“ಹೌದವ್ವ.”

“ಹಿಂಗಽ ಅಂದಿದ್ಲೇನ್ರಿ? ಗುಬ್ಬಿ ಬಡಕೊಂಡಂಗ ಅಂತ?”

“ಮಾಶಾಬಿ ಬಂದು ಹೇಳಿದ್ದು. ಆಕಿ ಮಾತು ಬದಲ ಮಾಡೂದಿಲ್ಲ.”

ಆ ಮನೆಯಲ್ಲಿ ಹುಲಗೆಮ್ಮನದು ಒಂದು ಫೋಟೋ ಕೂಡ ಇರಲಿಲ್ಲ. ಹುಡುಗಿ ಒಂದೊಂದೇ ಸಾಲನ್ನು ಎರಡೆರಡು ಸಲ ಓದಿದಳು, ಮೊದಲು ಗಟ್ಟಿಯಾಗಿ, ಆಮೇಲೆ ತುಟಿಯೊಳಗೆ. ‘ಕೆಸರಿನ್ಯಾಗ ಕಾಲು ಕೀಳೂ ಹೊತ್ತಿಗೆ ಕಣ್ಣ ಕತ್ತಲಿ ಬರತಾವು.’ ‘ಉಳಿದವರು ಸಾಲು ಮುಗಸತಾರ, ನಾ ಹಿಂದ ಬೀಳತೀನಿ, ನಾಚಿಕಿ ಆಗತೈತಿ.’ ಒಂಬತ್ತನೆಯ ಸಾಲಿನ ಅಂಚಿನಲ್ಲಿ ಕಳಕಪ್ಪನವರದೇ ಮಾತೊಂದಿತ್ತು. ಅವಳು ಅದನ್ನೂ ಓದಿದಳು: “‘ಒಮ್ಮೆ ಬಂದು ತೋರಿಸಲಿ ಎಂದು ಹೇಳಿ ಕಳಿಸಿದೆ.’”

ಕಳಕಪ್ಪನವರು ನೆಲ ನೋಡುತ್ತಿದ್ದರು. ಮೂರು ದಿನಗಳಿಂದ ಅವರು ಹಿಡಿದುಕೊಂಡಿದ್ದ ಒಂದೇ ಕೊಂಬೆ ಆ ಸಾಲು. ಕರೆದಿದ್ದೆ, ಅವಳು ಬರಲಿಲ್ಲ.

“ಬಂದಿದ್ಲರಿ,” ಎಂದ ವೆಂಕೋಬ.

“ಯಾವಾಗ?”

“ನೀವು ಹೇಳಿ ಕಳಿಸಿದ್ದಕ್ಕನ ಬಂದ್ಲು. ಅಮಾಸಿ ದಿನ. ಅಮಾಸಿ ಬಿಟ್ರ ಬ್ಯಾರೆ ದಿನ ಬಿಡುವು ಎಲ್ಲಿತ್ರಿ? ಅವತ್ತೊಂದಿನ ಗದ್ದಿಗೆ ಯಾರೂ ಇಳಿಯೂದಿಲ್ಲ. ತಲಿ ಎರಕೊಂಡು, ಛಲೋ ಸೀರಿ ಉಟಗೊಂಡು ಬಂದಿದ್ಲು. ನಿಮ್ಮ ಬಾಗಲಾ ಹಾಕಿತ್ತು. ಕಟ್ಟಿ ಮ್ಯಾಲ ಮಧ್ಯಾನತನಾ ಕುಂತು ಹೊಳ್ಳಿ ಬಂದ್ಲು.” ಅವನು ಸಲಿಕೆಯ ಹಿಡಿಕೆಯ ಮೇಲಿನ ಒಣಮಣ್ಣನ್ನು ಉಗುರಿನಿಂದ ಕೆರೆದ. “ಹುಚ್ಚಿ, ಡಾಕ್ಟರು ಅಮಾಸಿಗೆ ಅವ್ವನ ನೋಡಾಕ ಯಲಬುರ್ಗಾಕ ಹೋಗ್ತಾರ, ಊರಿಗೆಲ್ಲಾ ಗೊತ್ತೈತಿ, ನಿನಗ ಗೊತ್ತಿಲ್ಲೇನು ಅಂತ ನಾ ನಕ್ಕಿದ್ದೆ ಸಾಹೇಬ್ರ. ಆಕೀನೂ ನಕ್ಕಳು.”

ಕಾಲುವೆಯ ನೀರು ಮನೆಯ ಹಿಂದೆ ಒಂದೇ ಸಮನೆ ಹರಿಯುತ್ತಿತ್ತು. ದವಾಖಾನೆ ತೆರೆದ ದಿನದಿಂದಲೂ ಅಮಾವಾಸ್ಯೆಗೊಮ್ಮೆ ಅದಕ್ಕೆ ಬೀಗ ಬೀಳುತ್ತಿತ್ತು. ಕಳಕಪ್ಪನವರ ತಾಯಿ ವಿರೂಪಾಕ್ಷಮ್ಮ ತೀರಿಹೋಗಿ ಹನ್ನೊಂದು ವರ್ಷವಾದರೂ ಆ ರಜೆ ಉಳಿದಿತ್ತು; ಊರೇ ವಿಶ್ರಮಿಸುವ ದಿನ, ಯಾರು ಬರುತ್ತಾರೆ ಎಂದು.

ರಂಜಿತಾ ಒಳಗೆ ಹೋಗಿ ತನ್ನ ಕಾಲೇಜಿನ ನೋಟುಬುಕ್ಕು ತಂದಳು. “ಅಪ್ಪಾ, ತಡಿ, ಹೆಬ್ಬಟ್ಟು ಈಗ ಒತ್ತಬ್ಯಾಡ. ಮದ್ಲ ನಾ ಬರಕೋತೀನಿ.”

ಅವಳು ಬರೆಯತೊಡಗಿದಳು. ದಿನಾಂಕ ಬಿಟ್ಟಳು, ಔಷಧ ಬಿಟ್ಟಳು, ಬಂದವರು ಯಾರೆಂಬುದನ್ನೂ ಬಿಟ್ಟಳು. ಹದಿನಾಲ್ಕು ಸಾಲುಗಳು ಒಂದರ ಕೆಳಗೊಂದು, ನಡುವೆ ಏನೂ ಇಲ್ಲದೆ, ಅವಳ ದುಂಡು ಅಕ್ಷರದಲ್ಲಿ ನಿಂತವು. ಆಮೇಲೆ ವೆಂಕೋಬ ಹೆಬ್ಬೆಟ್ಟು ಒತ್ತಿದ. ಬೆರಳನ್ನು ಧೋತರಕ್ಕೆ ಒರೆಸಿಕೊಳ್ಳುತ್ತ, “ನೀವು ಹೇಳದಿದ್ರೂ ನಡೀತಿತ್ರಿ,” ಎಂದ. ಅದು ಕ್ಷಮೆಯೋ ಆಕ್ಷೇಪವೋ ಕಳಕಪ್ಪನವರಿಗೆ ತಿಳಿಯಲಿಲ್ಲ.

ಎದ್ದು ನಿಂತು, “ಮಾಶಾಬಿಗೆ ಇದು ತಿಳಿಯೂದು ಬ್ಯಾಡ, ವೆಂಕೋಬ. ಆಕೀದು ಏನೂ ತಪ್ಪಿಲ್ಲ,” ಎಂದರು.

“ಇಲ್ಲರಿ,” ಎಂದ ಅವನು.

ನಾಟಿ ಮುಗಿಯುವ ಹೊತ್ತಿಗೆ ಕಾಲೇಜು, ಪ್ರಯೋಗಕ್ಕೆಂದು, ಮೊದಲ ಇಬ್ಬರು ವಿದ್ಯಾರ್ಥಿಗಳನ್ನು ಕಳಿಸಿತು. ಅವರಲ್ಲಿ ಶಿವಲೀಲಾ ಎಂಬ ಹುಡುಗಿ, ಮೊದಲ ದಿನವೇ ಕಳಕಪ್ಪನವರು ಎದುರಿಗಿಟ್ಟ ಹುಲಗೆಮ್ಮನ ಪುಟಗಳನ್ನು ಓದಿ ಮುಗಿಸಿದ್ದಳು. ಆ ವಾರವೇ ಅಮಾವಾಸ್ಯೆ ಬಂತು.

“ಅಮಾಸಿ ದಿನ ಈ ಕೀಲಿ ತೆಗದು ಗೊತ್ತಿಲ್ಲ ನನಗ,” ಎಂದು ಗೊಣಗುತ್ತ ಮದಾರಸಾಬ ಬಾಗಿಲು ತೆರೆದ. ಹನ್ನೊಂದು ಗಂಟೆಯಾದರೂ ಯಾರೂ ಬರಲಿಲ್ಲ. ತೆರೆದಿದೆಯೆಂದು ಯಾರಿಗೂ ಗೊತ್ತಿರಲಿಲ್ಲ. ಕಳಕಪ್ಪನವರು ಕಟ್ಟೆಯ ಕಡೆಗೇ ಮುಖಮಾಡಿ ಕುಳಿತಿದ್ದರು.

ಸಂತೆಯ ಚೀಲ ಹಿಡಿದು ಹೊರಟಿದ್ದ ಮಾಶಾಬಿ ಹಾದಿಯಲ್ಲೇ ನಿಂತು ಒಳಗೆ ಇಣುಕಿದಳು. “ಯಾರರ ಸತ್ತಾರೇನ್ರಿ, ಅಮಾಸಿ ದಿನ ಬಾಗಲಾ ತೆರದೀರಿ?”

“ಇಲ್ಲ. ಇನ್ನ ಮ್ಯಾಲ ಅಮಾಸಿಗೆ ತೆರೀತೀವಿ. ನಿನ್ನ ಮಂದೀಗೆಲ್ಲಾ ಹೇಳು, ಅವರ ಬರಲಿ.”

“ಹಂಗಾದ್ರ ನಂದೇನು ಕೆಲಸಾ ಉಳೀತ್ರಿ?” ಎಂದು ನಕ್ಕು, ಬಂದವಳು ಬಂದಂತೆ ಸೆರಗಿನ ಎರಡು ಗಂಟು ಬಿಚ್ಚಿ ಇಬ್ಬರ ಸಂಕಟ ಹೇಳಿದಳು. ಡಾಕ್ಟರರು ಬರೆದುಕೊಂಡರು. ಗುಳಿಗೆ ಕೊಡಲಿಲ್ಲ, ಮಧ್ಯಾಹ್ನ ಅವರನ್ನೇ ಕಳಿಸು ಎಂದರು. ಆಮೇಲೆ ಕೇಳಿದರು, “ನಿಂದು?”

“ನಂದೇನ್ರಿ?”

“ನಿನಗ ಏನಾಗತೈತಿ?”

ಮಾಶಾಬಿ ಒಂದು ಕ್ಷಣ ಮದಾರಸಾಬನ ಕಡೆ ನೋಡಿದಳು, ಅವನು ಏನಾದರೂ ಚೇಷ್ಟೆಯ ಮಾತಾಡಲೆಂಬಂತೆ. ಅವನು ಆಡಲಿಲ್ಲ.

“ನಂದು ಗಂಟ ಹಾಕಿಲ್ರಿ,” ಎಂದಳು.

ಕಪಾಟಿನಲ್ಲಿ ಆರುನೂರ ನಲವತ್ತು ಮನೆಗಳಿದ್ದವು. ಮಾಶಾಬಿಯ ಮನೆ ಇರಲಿಲ್ಲ. ಕಳಕಪ್ಪನವರು ಎದ್ದು ತಮ್ಮ ಸ್ಟೆತಸ್ಕೋಪನ್ನು ಶಿವಲೀಲಾಳ ಕೈಗೆ ಕೊಟ್ಟರು. ಒಳಕೋಣೆಯಲ್ಲಿ ಮಾಶಾಬಿ ಮಂಚದ ಮೇಲೆ ಎಡಮಗ್ಗುಲಾಗಿ ಮಲಗಿದಳು. ಶಿವಲೀಲಾ ಪರದೆ ಎಳೆದ ಸದ್ದಾಯಿತು. ಅಂದು ಅಮಾವಾಸ್ಯೆಯಾದ್ದರಿಂದ ಊರಿನ ಅಕ್ಕಿ ಗಿರಣಿಗಳೆಲ್ಲ ನಿಂತಿದ್ದವು; ಎಲ್ಲಿಯೂ ಯಾವ ಸಪ್ಪಳವೂ ಇರಲಿಲ್ಲ. ಕಳಕಪ್ಪನವರು ಹೊಸ ಬುಕ್ಕಿನ ಮೊದಲ ಪುಟ ತೆರೆದು, ಪೆನ್ನಿನ ಮುಚ್ಚಳ ತೆಗೆದು, ಕಾದರು.

ಪರದೆಯ ಕೆಳಗೆ ಸೆರಗಿನ ಅಂಚು ಇಳಿಬಿದ್ದಿತ್ತು. ಬಿಚ್ಚಿದ ಗಂಟುಗಳ ಸುಕ್ಕು ಅದರಲ್ಲಿ ಇನ್ನೂ ಹಾಗೆಯೇ ಇತ್ತು.