ಮೆದೆರ್‌ನನ್ನು ಉಳಿಸಿಕೊಂಡ ಬಗೆ

ಪೈಲಟ್‌ಗಳನ್ನು ಕದಿಯುವವರು ಮುಸುಕು ಹಾಕಿಕೊಂಡು ಬರುವುದಿಲ್ಲ. ಒಳ್ಳೆಯ ಕೋಟು ತೊಟ್ಟು, ಕೈಯಲ್ಲಿ ಕೇಕು ಹಿಡಿದುಕೊಂಡು ಹಗಲಲ್ಲೇ ಬರುತ್ತಾರೆ. ಓಶ್ ವಿಮಾನ ನಿಲ್ದಾಣದಲ್ಲಿ ಹಾರುವ ಮೊದಲು ಪೈಲಟ್‌ಗಳ ನಾಡಿ, ರಕ್ತದೊತ್ತಡ ನೋಡಿ ಸಹಿ ಹಾಕುವುದು ನನ್ನ ಕೆಲಸ. ಹಾಗಾಗಿ ಯಾರ ಮನೆಗೆ ಕೇಕು ಹೋಗಿದೆ ಎನ್ನುವುದು ಅವರ ಹೆಂಡತಿಯರಿಗಿಂತ ಮೊದಲು ನನಗೆ ಗೊತ್ತಾಗುತ್ತದೆ. ಗಡಿಯಾಚೆಯ ದೊಡ್ಡ ಕಂಪನಿಯವರು ಒಂದೇ ವರ್ಷದಲ್ಲಿ ನಮ್ಮ ಇಬ್ಬರು ಕ್ಯಾಪ್ಟನ್‌ಗಳನ್ನು ಎಗರಿಸಿಕೊಂಡು ಹೋದರು. ಉಳಿದವನು ಮೆದೆರ್ ಒಬ್ಬನೇ.

ನಮ್ಮದು ಪುಟ್ಟ ಕಂಪನಿ. ಇರುವುದು ಒಂದು ಹಳೆಯ ವಿಮಾನ. ಹಿಮ ಬಿದ್ದು ಕಣಿವೆಯ ರಸ್ತೆ ಮುಚ್ಚಿತೆಂದರೆ ಮೇಲಿನ ಕಿಜಿಲ್-ಬೆಲ್ ಊರಿಗೆ ಅದೊಂದೇ ಗತಿ. ಆ ಬೆಟ್ಟದ ಸಂದಿಯಲ್ಲಿ ಇಳಿಸಲು ಪಳಗಿದ ಕೈ ಬೇಕು. ಪಕ್ಕದ ಸೀಟಿನಲ್ಲಿ ಕೂರುವ ಹುಡುಗರು ಸಿಗುತ್ತಾರೆ, ಅವರು ಕ್ಯಾಪ್ಟನ್ ಆಗಲು ಇನ್ನೂ ವರ್ಷಗಳೇ ಬೇಕು. ಮೆದೆರ್ ಹೋದರೆ ವಿಮಾನ ನಿಂತಂತೆ, ಕಂಪನಿ ಮುಳುಗಿದಂತೆ.

ಚಳಿಗಾಲ ಶುರುವಾಗುವ ಹೊತ್ತಿಗೆ ಅವನ ಮನೆಗೂ ಕೇಕು ಬಂತು. ಮರುದಿನ ನಮ್ಮ ಡೈರೆಕ್ಟರ್ ಓರ್ಮೊನ್ ನನ್ನ ಕೋಣೆಗೆ ಬಂದು, ಪೈಲಟ್‌ಗಳು ಕೂರುವ ಸ್ಟೂಲಿನ ಮೇಲೆ ಕುಸಿದು ಕೂತ.

"ಜಿಪಾರ್ ಎಜೆ, ಮೆದೆರ್ ರಾಜೀನಾಮೆ ಕೊಟ್ಟ." ನಾನು ಹಿರಿಯಳು, ಅವರಿಬ್ಬರೂ ನನ್ನನ್ನು ಎಜೆ, ಅಕ್ಕ, ಎಂದೇ ಕರೆಯುವುದು.

"ಕೊಡದೆ ಇನ್ನೇನು ಮಾಡ್ತಾನೆ? ಐವತ್ತು ದಾಟ್ತು. ಹುಡುಗನಾಗಿದ್ದಾಗಿಂದ ದೊಡ್ಡ ಜೆಟ್ ಓಡಿಸ್ಬೇಕು ಅಂತ ಬಾಯಿ ಬಡ್ಕೊಂಡಿದ್ದ. ಇದು ತಪ್ಪಿದ್ರೆ ಆಮೇಲೆ ಯಾರು ಕರೀತಾರೆ?"

"ಸಂಬಳ ಜಾಸ್ತಿ ಮಾಡ್ತೀನಿ ಅಂದೆ."

"ಎಲ್ಲಿಂದ ತರ್ತೀಯಾ? ನಿನ್ನ ಮೀಸೆ ಮಾರ್ತೀಯಾ?"

ಅವನು ನಗಲಿಲ್ಲ. "ಕಾಲಿಗೆ ಬಿದ್ದೆ ಎಜೆ. ಜೊತೇಲಿ ಓದಿದವನ ಕಾಲಿಗೆ. ಕೈ ಹಿಡಿದು ಎಬ್ಬಿಸಿದ, ಆದ್ರೆ ಇರ್ತೀನಿ ಅನ್ನಲಿಲ್ಲ. ಇನ್ನು ಉಳಿದಿರೋದು ಅವನ ತಾಯಿ ಒಬ್ಬರೇ. ನೀವು ಪಕ್ಕದ ಮನೆಯವರು, ಜೊತೆಗೆ ಬನ್ನಿ."

ಬಾಯಿಗೆ ಬಂದಂತೆ ಬೈದೆ. ಆದರೂ ಹೋದೆ. ನನ್ನ ಅನ್ನವೂ ಅದೇ ವಿಮಾನದ್ದು.

ಮೆದೆರ್‌ನ ತಾಯಿ ಸಾಯ್ರಾ ಅವರನ್ನು ನಾವೆಲ್ಲ ಅಪಾ, ಅಮ್ಮ, ಎನ್ನುತ್ತೇವೆ. ಅವರು ರೊಟ್ಟಿ ಮುರಿದು ಮುಂದಿಟ್ಟರು, ಚಹಾ ಬಗ್ಗಿಸಿದರು. ಓರ್ಮೊನ್ ರೊಟ್ಟಿಯ ಚೂರನ್ನು ಕೈಯಲ್ಲೇ ಹಿಡಿದುಕೊಂಡು ಮಾತು ಶುರುಮಾಡಿದ. "ಅಪಾ, ನಿಮ್ಮ ಮಗಳು ಐನಾಶ್ ಕಿಜಿಲ್-ಬೆಲ್‌ನಲ್ಲಿದ್ದಾಳೆ. ತುಂಬಿದ ಬಸುರಿ. ರಸ್ತೆ ಮುಚ್ಚಿದೆ. ನಾಳೆ ಹೆಚ್ಚುಕಮ್ಮಿ ಆದ್ರೆ ಅವಳನ್ನ ಕೆಳಗೆ ಯಾರು ತರ್ತಾರೆ? ನಿಮ್ಮ ಮಗ ಆಗ ಯಾವುದೋ ಸಮುದ್ರದ ಮೇಲೆ ಹಾರ್ತಿರ್ತಾನೆ." ಹೇಳುತ್ತಾ ಹೇಳುತ್ತಾ ಬಿಕ್ಕಿ ಬಿಕ್ಕಿ ಅತ್ತ. ಅದು ನಾಟಕವಲ್ಲ, ನಾಟಕವಾಗಿದ್ದರೆ ಅಪಾ ಕಂಡುಹಿಡಿಯುತ್ತಿದ್ದರು.

ಅಷ್ಟರಲ್ಲಿ ಮೆದೆರ್ ಬಂದ. ಬೂಟು ಬಿಚ್ಚುತ್ತಿದ್ದವನಿಗೆ ಒಳಗೆ ಬಾ ಎಂದೂ ಹೇಳದೆ ಅಪಾ ಅಂದರು:

"ನೀನು ಆ ಕಂಪನಿಗೆ ಹೋದ್ರೆ, ನಿನಗೆ ಕುಡಿಸಿದ ಬಿಳಿ ಹಾಲಿನ ಋಣ ನಾನು ಬಿಟ್ಟುಕೊಡಲ್ಲ."

ನಮ್ಮಲ್ಲಿ ತಾಯಂದಿರು ಈ ಮಾತು ಆಡುವುದಿಲ್ಲ. ಕುಡಿದು ಬಂದು ಹೊಡೆಯುವ ಮಗನಿಗೂ ಆಡುವುದಿಲ್ಲ. ಆಡಿದರೆ ಆ ಮಗನಿಗೆ ಇಹವೂ ಇಲ್ಲ, ಪರವೂ ಇಲ್ಲ. ಅವರ ಬಾಯಿ ಮುಚ್ಚಲೆಂದು ನಾನು ಕೈ ಚಾಚಿದೆ, ಮಾತು ಆಗಲೇ ಹೊರಬಿದ್ದಿತ್ತು.

ಮೆದೆರ್ ಒಂದು ಬೂಟನ್ನು ಕೈಯಲ್ಲಿ ಹಿಡಿದು ನಿಂತೇ ಇದ್ದ. "ಈ ಮಾತು ಓರ್ಮೊನ್ ಹೇಳಿಕೊಟ್ನಾ?"

"ಇಲ್ಲ. ನಾನೇ ಆಡ್ದೆ."

"ಸರಿ ಅಪಾ. ಹೋಗಲ್ಲ."

ಓರ್ಮೊನ್‌ಗೆ ಹೋದ ಜೀವ ಬಂದ ಹಾಗಾಯಿತು. ಮೆದೆರ್ ಕೆಲಸಕ್ಕೆ ಬರುತ್ತಿದ್ದ, ಅಂಗಿಯ ತೋಳು ಮಡಚಿ ನನ್ನ ಮುಂದೆ ಕೂರುತ್ತಿದ್ದ. ಯಾವತ್ತೂ ಒಂದು ಗೆರೆ ಆಚೀಚೆ ಆಗದ ಅವನ ರಕ್ತದೊತ್ತಡ ದಿನದಿನಕ್ಕೆ ಮೇಲೇರತೊಡಗಿತು.

"ನಿದ್ದೆ ಮಾಡಿದ್ಯೇನೋ?"

"ಮಲಗಿದ್ದೆ ಎಜೆ."

ಅಪಾಗೂ ಮಗನ ಮುಖ ನೋಡಲಾಗಲಿಲ್ಲ. ಒಂದು ಬೆಳಿಗ್ಗೆ ಅವನ ಮುಂದೆ ಎರಡೂ ಅಂಗೈ ಎತ್ತಿ, "ಬಿಟ್ಟುಕೊಟ್ಟೆ ಕಂದಾ, ಹಾಲೆಲ್ಲಾ ಬಿಟ್ಟುಕೊಟ್ಟೆ, ಎಲ್ಲಿಗೆ ಬೇಕಾದ್ರೂ ಹೋಗು" ಎಂದು ಹರಸಿದರು. ಮೆದೆರ್ ಆ ದೊಡ್ಡ ಕಂಪನಿಗೆ ಫೋನ್ ಮಾಡಿದ. ಆ ಸೀಟಿಗೆ ಅಷ್ಟರಲ್ಲಿ ಇನ್ನಾವುದೋ ಬಡ ಕಂಪನಿಯ ಕ್ಯಾಪ್ಟನ್ ಸಿಕ್ಕಿಬಿಟ್ಟಿದ್ದ. ಕೋಟಿನವರು ಬಹಳ ವಿನಯವಾಗಿ, ವಯಸ್ಸಿನ ಬಗ್ಗೆಯೂ ಒಂದು ಮಾತು ಹೇಳಿದರಂತೆ.

ಮರುದಿನ ವಾರದ ಹಿಮ ನಿಂತು ಆಕಾಶ ತಿಳಿಯಾಗಿತ್ತು. ಕಿಜಿಲ್-ಬೆಲ್‌ಗೆ ಹೋಗುವವರು ಹೊರಗೆ ಸಾಲುಗಟ್ಟಿದ್ದರು. ನಾನು ಮೆದೆರ್‌ನ ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬಿದೆ.

"ನೂರಾ ಎಂಬತ್ತೈದು," ಅಂದೆ.

ಬಾಗಿಲಲ್ಲಿದ್ದ ಓರ್ಮೊನ್ ಒಳಗೆ ಬಂದ. "ಆ ಯಂತ್ರ ಹಳೇದು ಎಜೆ. ಇನ್ನೊಂದ್ಸಲ ನೋಡಿ."

ನೋಡಿದೆ. "ನೂರಾ ತೊಂಬತ್ತು. ಮತ್ತೆ ನೋಡಿದ್ರೆ ಇನ್ನೂ ಹತ್ತು ಸಿಗುತ್ತೆ, ಬೇಕಾ?"

"ನೂರಾ ಮೂವತ್ತು ಅಂತ ಬರೀರಿ. ಇವತ್ತೊಂದಿನ. ನಿಮ್ಮ ಕಾಲಿಗೆ ಬೀಳ್ತೀನಿ." ಬಿದ್ದೇಬಿಟ್ಟ. ಇತ್ತೀಚೆಗೆ ಅವನಿಗೆ ಅದು ಅಭ್ಯಾಸವಾಗಿಹೋಗಿತ್ತು.

"ಬರೀರಿ ಎಜೆ, ಹಾರಿಸ್ತೀನಿ," ಅಂದ ಮೆದೆರ್. ಅವನ ಕಣ್ಣು ಕೆಂಡವಾಗಿತ್ತು.

"ಬೆಟ್ಟದ ಸಂದೀಲಿ ತಲೆಯ ನರ ಒಡೆದ್ರೆ? ಪಕ್ಕದಲ್ಲಿ ಕೂತ ಹುಡುಗ ಇಳಿಸ್ತಾನಾ?"

ಬರೆದುಬಿಡೋಣ ಎಂದು ನನಗೂ ಅನ್ನಿಸಿತು. ಆದರೆ ಕೈ ಬರಲಿಲ್ಲ. 'ಹಾರುವಂತಿಲ್ಲ' ಎಂದು ಬರೆದು ಸಹಿ ಹಾಕಿದೆ. ಅಷ್ಟಾದರೆ ಮುಂದಿನದು ರಾಜಧಾನಿಯ ವೈದ್ಯ ಮಂಡಳಿ. ಈ ವಯಸ್ಸಿನಲ್ಲಿ ಅಲ್ಲಿಂದ ಯಾರೂ ರೆಕ್ಕೆ ಕಟ್ಟಿಕೊಂಡು ವಾಪಸ್ಸು ಬಂದಿಲ್ಲ.

ಮೆದೆರ್ ಅಂಗಿಯ ತೋಳು ಇಳಿಸಿ ಗುಂಡಿ ಹಾಕಿಕೊಂಡ. ಕೆಳಗೆ ಕೂತು ಅಳುತ್ತಿದ್ದ ಓರ್ಮೊನ್‌ನ ಪಕ್ಕದಲ್ಲಿ ತಾನೂ ನೆಲದ ಮೇಲೆ ಕೂತು, ಅವನ ಹೆಗಲಿಗೆ ಕೈ ಹಾಕಿದ.

"ಅಳಬೇಡ್ವೋ. ನಿನ್ನ ಆಸೆ ನೆರವೇರ್ತು. ಇನ್ನು ನನ್ನನ್ನ ಯಾರೂ ಕದ್ಕೊಂಡು ಹೋಗಲ್ಲ."

ಹೊರಗಿನವರಿಗೆ ಹೇಳಲು ನಾನೇ ಹೋದೆ. ಅವರ ಗಂಟುಮೂಟೆಗಳನ್ನು ಆಗಲೇ ವಿಮಾನಕ್ಕೆ ಏರಿಸಿ ಆಗಿತ್ತು.